ಆತ್ಮರಕ್ಷಣೆಗಾಗಿ ಸಣ್ಣ ಪಿಸ್ತೂಲು ಅಥವಾ ರಿವಾಲ್ವರಿನ ಆಯ್ಕೆ: ಪರವಾನಗಿ ಕೋರುವವರಿಗೆ ಮಾಹಿತಿ

ಜೀವಭಯದ ಕಾರಣದಿಂದ ಅಥವಾ ವೃತ್ತಿಯ ಸ್ವರೂಪದಿಂದ ಆತ್ಮರಕ್ಷಣೆಗಾಗಿ ಪಿಸ್ತೂಲು ಅಥವಾ ರಿವಾಲ್ವರ್ ಹೊಂದಲು ಬಯಸುವ ನಾಗರಿಕರು ಆಯುಧ ಅಧಿನಿಯಮ, 1959 ಮತ್ತು ಆಯುಧ ನಿಯಮಗಳು, 2016ರ ಅನ್ವಯ ಪರವಾನಗಿ ಪಡೆಯತಕ್ಕದ್ದು. ಪರವಾನಗಿ ದೊರೆತ ನಂತರ ಯಾವ ಆಯುಧವನ್ನು ಖರೀದಿಸಬೇಕೆಂಬುದು ಪರವಾನಗಿದಾರರ ವಿವೇಚನೆಗೆ ಬಿಟ್ಟ ವಿಷಯ. ಆದರೆ ಆ ವಿವೇಚನೆಗೆ ಕಾನೂನಿನ ಮಿತಿಗಳಿವೆ. ಒಮ್ಮೆ ಖರೀದಿಸಿ ಪರವಾನಗಿಯಲ್ಲಿ ನಮೂದಾದ ಆಯುಧವನ್ನು ಬದಲಾಯಿಸುವುದೂ ಸುಲಭವಲ್ಲ. ಆದುದರಿಂದ ಅರ್ಜಿ ಸಲ್ಲಿಸುವ ಮೊದಲೇ ಈ ಕೆಳಗಿನ ವಿಷಯಗಳನ್ನು ತಿಳಿದಿರುವುದು ಸೂಕ್ತ.

ಯಾರಿಗೆ ಪರವಾನಗಿ ದೊರೆಯುತ್ತದೆ

ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು. ಹಿಂಸಾಕೃತ್ಯ ಅಥವಾ ನೈತಿಕ ಅಧಃಪತನದ ಅಪರಾಧಕ್ಕಾಗಿ ಶಿಕ್ಷೆಗೊಳಗಾದವರು ಶಿಕ್ಷೆಯ ಅವಧಿ ಮುಗಿದು ಐದು ವರ್ಷಗಳಾಗುವವರೆಗೆ ಆಯುಧ ಹೊಂದುವಂತಿಲ್ಲ. ಮಾನಸಿಕ ಅಸ್ವಸ್ಥತೆಯುಳ್ಳವರಿಗೆ ಪರವಾನಗಿ ನಿರಾಕರಿಸಲಾಗುತ್ತದೆ. ಅರ್ಜಿದಾರರಿಗೆ ಸಾಕಷ್ಟು ಆಸ್ತಿ ಇಲ್ಲವೆಂಬ ಒಂದೇ ಕಾರಣಕ್ಕೆ ಅರ್ಜಿಯನ್ನು ತಿರಸ್ಕರಿಸುವಂತಿಲ್ಲವೆಂದು ಅಧಿನಿಯಮದ 14ನೆಯ ಪ್ರಕರಣವು ಸ್ಪಷ್ಟಪಡಿಸಿದೆ. ಆಯುಧ ಪರವಾನಗಿ ಶ್ರೀಮಂತರಿಗೆ ಮಾತ್ರ ದೊರೆಯುತ್ತದೆಂಬ ನಂಬಿಕೆ ಇಂದಿಗೂ ವ್ಯಾಪಕವಾಗಿರುವುದರಿಂದ ಇದನ್ನು ಇಲ್ಲಿ ವಿಶೇಷವಾಗಿ ಹೇಳಲಾಗಿದೆ.

ವ್ಯಾಪಾರ, ವೃತ್ತಿ ಅಥವಾ ಉದ್ಯೋಗದ ಸ್ವರೂಪದಿಂದ ಪ್ರಾಣ ಅಥವಾ ಆಸ್ತಿ ರಕ್ಷಣೆಯ ನೈಜ ಅಗತ್ಯವುಳ್ಳವರು, ಗಂಭೀರ ಬೆದರಿಕೆ ಎದುರಿಸುತ್ತಿರುವವರು ತಮ್ಮ ಅಗತ್ಯವನ್ನು ದಾಖಲೆಗಳ ಸಹಿತ ವಿವರಿಸಬೇಕು. ಬೆದರಿಕೆಯ ಬಗ್ಗೆ ಪೊಲೀಸ್ ಠಾಣೆಯಲ್ಲಿ ದೂರು ದಾಖಲಾಗಿದ್ದಲ್ಲಿ ಅದರ ಪ್ರತಿಯನ್ನು ಲಗತ್ತಿಸುವುದು ಒಳ್ಳೆಯದು. ಕೇವಲ "ಆತ್ಮರಕ್ಷಣೆಗಾಗಿ" ಎಂದು ಒಂದೇ ಪದ ಬರೆದ ಅರ್ಜಿಯನ್ನು ಪರಿಗಣಿಸಲು ಪ್ರಾಧಿಕಾರಕ್ಕೆ ಯಾವ ಆಧಾರವೂ ಇರುವುದಿಲ್ಲ.

ಕರ್ನಾಟಕದಲ್ಲಿ ಜಿಲ್ಲಾಧಿಕಾರಿಗಳು ಜಿಲ್ಲಾ ದಂಡಾಧಿಕಾರಿಗಳಾಗಿ ಪರವಾನಗಿ ಪ್ರಾಧಿಕಾರವಾಗಿರುತ್ತಾರೆ; ಬೆಂಗಳೂರಿನಂತಹ ಪೊಲೀಸ್ ಕಮೀಷನರೇಟ್ ನಗರಗಳಲ್ಲಿ ಪೊಲೀಸ್ ಆಯುಕ್ತರು ಈ ಅಧಿಕಾರವನ್ನು ಹೊಂದಿರುತ್ತಾರೆ. ಅರ್ಜಿಯನ್ನು ನಮೂನೆ ಎ-1ರಲ್ಲಿ, ಭಾವಚಿತ್ರ, ವಯಸ್ಸು, ಗುರುತು ಹಾಗೂ ವಾಸಸ್ಥಳದ ದಾಖಲೆಗಳೊಂದಿಗೆ ಸಲ್ಲಿಸಬೇಕು. ಆಯುಧ ಸುರಕ್ಷತಾ ತರಬೇತಿಯ ಪ್ರಮಾಣಪತ್ರ (ನಮೂನೆ ಎಸ್-1) ಮತ್ತು ದೈಹಿಕ, ಮಾನಸಿಕ ಆರೋಗ್ಯದ ವೈದ್ಯಕೀಯ ಪ್ರಮಾಣಪತ್ರ (ನಮೂನೆ ಎಸ್-3) ಇವೆರಡನ್ನೂ ಲಗತ್ತಿಸತಕ್ಕದ್ದು. ಪೊಲೀಸ್ ವರದಿಯ ನಂತರ ಪ್ರಾಧಿಕಾರವು ತೀರ್ಮಾನ ಕೈಗೊಳ್ಳುತ್ತದೆ. ನಿರಾಕರಣೆಯ ವಿರುದ್ಧ 18ನೆಯ ಪ್ರಕರಣದಡಿ ಮೇಲ್ಮನವಿಗೆ ಅವಕಾಶವಿದೆ.

ಎರಡೇ ಆಯುಧಗಳ ಮಿತಿ

2019ರ ತಿದ್ದುಪಡಿಯ ನಂತರ ಒಬ್ಬ ವ್ಯಕ್ತಿ ಹೊಂದಬಹುದಾದ ಬಂದೂಕುಗಳ ಗರಿಷ್ಠ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿದಿದೆ. ಪರವಾನಗಿಯ ಅವಧಿಯು ಮೂರು ವರ್ಷಗಳಿಂದ ಐದು ವರ್ಷಗಳಿಗೆ ಏರಿದೆ. ಪಿತ್ರಾರ್ಜಿತವಾಗಿ ಬಂದ ಬಂದೂಕೂ ಈ ಎರಡರ ಲೆಕ್ಕಕ್ಕೆ ಸೇರುತ್ತದೆ. ಮಲೆನಾಡಿನ ಕೃಷಿಕರಲ್ಲಿ ಬೆಳೆ ರಕ್ಷಣೆಗಾಗಿ ಒಂದು ಕೋವಿ, ತಂದೆಯ ಕಾಲದ ಇನ್ನೊಂದು ಕೋವಿ ಇರುವುದು ಸಾಮಾನ್ಯ. ಅಂತಹವರು ಪಿಸ್ತೂಲು ಬೇಕೆಂದರೆ ಮೊದಲು ಒಂದನ್ನು ಕಾನೂನುಬದ್ಧವಾಗಿ ವಿಲೇವಾರಿ ಮಾಡಬೇಕಾಗುತ್ತದೆ. ಮನೆ, ತೋಟ ಕಾಯುವುದೇ ನಿಜವಾದ ಅಗತ್ಯವಾಗಿದ್ದಲ್ಲಿ, ಈಗಾಗಲೇ ಇರುವ ಕೋವಿಯನ್ನು ಬಿಟ್ಟು ಪಿಸ್ತೂಲನ್ನು ಪಡೆಯುವುದರಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು. ಪ್ರತಿದಿನ ಹಣ ಅಥವಾ ಆಭರಣಗಳೊಂದಿಗೆ ಪ್ರಯಾಣಿಸುವವರ ಸಂಗತಿ ಬೇರೆ.

ಕೊಡಗಿನಲ್ಲಿ ಕೊಡವರು ಹಾಗೂ ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2019ರಲ್ಲಿ ಹತ್ತು ವರ್ಷಗಳ ಕಾಲ, ಅಂದರೆ 31.10.2029ರವರೆಗೆ ಮುಂದುವರಿಸಿದೆ. ಈ ವಿನಾಯಿತಿಯು ವಿನಾಯಿತಿ ಪತ್ರದಲ್ಲಿ ನಮೂದಾದ ಆಯುಧಗಳಿಗೆ ಮಾತ್ರ ಸೀಮಿತ. ಅದರ ಆಧಾರದ ಮೇಲೆ ಸಣ್ಣ ಪಿಸ್ತೂಲನ್ನು ಖರೀದಿಸಬಹುದೆಂದು ಭಾವಿಸುವ ಮೊದಲು ಮಡಿಕೇರಿಯ ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸತಕ್ಕದ್ದು.

ಯಾವ ಅಳತೆಯ ಆಯುಧ

ಸಣ್ಣ ಪಿಸ್ತೂಲುಗಳ ಬಗ್ಗೆ ದೊರೆಯುವ ಬಹುತೇಕ ಬರಹಗಳು ಅಮೆರಿಕದ ಖರೀದಿದಾರರಿಗಾಗಿ ಬರೆದವು. ಅವುಗಳಲ್ಲಿ ಹೆಚ್ಚಾಗಿ ಶಿಫಾರಸು ಮಾಡುವುದು 9 ಮಿ.ಮೀ. ಪಿಸ್ತೂಲನ್ನು. ಭಾರತದಲ್ಲಿ ಸೇನೆ ಬಳಸುವ 9 ಮಿ.ಮೀ. ತೋಟಾ, ಅಂಚುಳ್ಳ .380 ಮತ್ತು .455 ತೋಟಾಗಳನ್ನು ಹಾರಿಸಬಲ್ಲ ಪಿಸ್ತೂಲು, ರಿವಾಲ್ವರುಗಳು ನಿಷೇಧಿತ ಬೋರಿನ ವರ್ಗಕ್ಕೆ ಸೇರುತ್ತವೆ. ಇವುಗಳಿಗೆ ಪರವಾನಗಿ ನೀಡುವ ಅಧಿಕಾರ ಕೇಂದ್ರ ಗೃಹ ಮಂತ್ರಾಲಯಕ್ಕೆ ಮಾತ್ರ ಇದೆ. ನಿಷೇಧಿತ ಆಯುಧವನ್ನು ಪರವಾನಗಿ ಇಲ್ಲದೆ ಹೊಂದಿದವರಿಗೆ 2019ರ ತಿದ್ದುಪಡಿಯಂತೆ ಏಳು ವರ್ಷಗಳಿಗೆ ಕಡಿಮೆಯಿಲ್ಲದ ಸೆರೆವಾಸವಿದೆ. ಆದುದರಿಂದ ವಿದೇಶಿ ಸಲಹೆಗಳನ್ನು ಇಲ್ಲಿನ ಖರೀದಿಗೆ ಅನ್ವಯಿಸುವಂತಿಲ್ಲ. ವಿದೇಶದಲ್ಲಿ ನೆಲೆಸಿ ಹಿಂದಿರುಗುವ ಕನ್ನಡಿಗರು ಅಲ್ಲಿನ ತಮ್ಮ ಪಿಸ್ತೂಲನ್ನು ಸಾಮಾನುಗಳ ಜೊತೆ ತಂದುಬಿಡಬಹುದೆಂದು ಎಣಿಸಬಾರದು. ಮೊದಲು ಭಾರತದ ಪರವಾನಗಿ, ನಂತರ ಸುಂಕ ಇಲಾಖೆಯ ಷರತ್ತುಗಳು.

ಸಾಮಾನ್ಯ ನಾಗರಿಕರಿಗೆ ವಾಸ್ತವವಾಗಿ ದೊರೆಯುವುದು .32 ಬೋರು, ಅಪರೂಪವಾಗಿ.22. ಇಲ್ಲಿ ಒಂದು ಎಚ್ಚರಿಕೆ ಅತ್ಯಗತ್ಯ. .32 ರಿವಾಲ್ವರಿನ ತೋಟಾ ಮತ್ತು .32 ಪಿಸ್ತೂಲಿನ ತೋಟಾ ಒಂದೇ ಅಲ್ಲ. ಹೆಸರಿನಲ್ಲಿ ಅಂಕಿ ಒಂದೇ ಆದರೂ ರಿವಾಲ್ವರಿನದು ಉದ್ದನೆಯ, ಅಂಚುಳ್ಳ ತೋಟಾ. ಪಿಸ್ತೂಲಿನದು ಗಿಡ್ಡ ತೋಟಾ, ಅದರ ಒತ್ತಡವೂ ಬೇರೆ. ಒಂದನ್ನು ಇನ್ನೊಂದರಲ್ಲಿ ಬಳಸುವ ಪ್ರಯತ್ನವು ಬಳಸುವವರ ಕೈಗೇ ಅಪಾಯ ತರಬಹುದು. ಖರೀದಿಯ ಸಮಯದಲ್ಲಿ ಪೆಟ್ಟಿಗೆಯ ಮೇಲೆ ಮುದ್ರಿತವಾದ ವಿವರವನ್ನು ಓದಿಯೇ ಹಣ ಪಾವತಿಸಬೇಕು. ಹೊಂದಬಹುದಾದ ತೋಟಾಗಳ ಸಂಖ್ಯೆಯು ಪರವಾನಗಿಯಲ್ಲಿ ನಮೂದಾಗಿರುತ್ತದೆ.

ರಿವಾಲ್ವರೋ, ಪಿಸ್ತೂಲೋ

ಇದು ಅರ್ಜಿದಾರರು ಅತಿ ಹೆಚ್ಚು ಕೇಳುವ ಪ್ರಶ್ನೆ. ಪಿಸ್ತೂಲು ಚಪ್ಪಟೆಯಾಗಿರುವುದರಿಂದ ಬಟ್ಟೆಯ ಅಡಿಯಲ್ಲಿ ಸುಲಭವಾಗಿ ಅಡಗುತ್ತದೆ ಮತ್ತು ಮ್ಯಾಗಜಿನ್ನಿನಲ್ಲಿ ಹೆಚ್ಚು ತೋಟಾಗಳಿಗೆ ಸ್ಥಳವಿರುತ್ತದೆ. ರಿವಾಲ್ವರಿನ ಸಿಲಿಂಡರ್ ಉಬ್ಬಿಕೊಂಡಿರುತ್ತದೆ. ಸಾಮಾನ್ಯವಾಗಿ ಆರು ತೋಟಾಗಳು ಮಾತ್ರ. ಕೇವಲ ಈ ಎರಡು ಅಂಶಗಳನ್ನು ನೋಡಿದರೆ ಪಿಸ್ತೂಲೇ ಮೇಲೆನಿಸುತ್ತದೆ. ಆದರೆ ವರ್ಷಕ್ಕೊಮ್ಮೆಯೂ ಗುಂಡು ಹಾರಿಸಿ ಅಭ್ಯಾಸ ಮಾಡದವರ ಪಾಲಿಗೆ ಲೆಕ್ಕ ಬೇರೆಯಾಗುತ್ತದೆ.

ರಿವಾಲ್ವರಿನಲ್ಲಿ ತೋಟಾ ಸಿಡಿಯದಿದ್ದರೆ ಟ್ರಿಗರನ್ನು ಮತ್ತೊಮ್ಮೆ ಎಳೆದರೆ ಸಿಲಿಂಡರ್ ತಿರುಗಿ ಮುಂದಿನ ತೋಟಾ ಬರುತ್ತದೆ. ಪಿಸ್ತೂಲಿನಲ್ಲಿ ಅದೇ ಸಂದರ್ಭದಲ್ಲಿ ಸ್ಲೈಡನ್ನು ಹಿಂದಕ್ಕೆ ಎಳೆದು ಕೆಟ್ಟ ತೋಟಾವನ್ನು ಹೊರಹಾಕಬೇಕು. ಅದಕ್ಕೆ ಎರಡೂ ಕೈಗಳು ಬೇಕು, ಅಭ್ಯಾಸವೂ ಬೇಕು. ಸಣ್ಣ ಪಿಸ್ತೂಲುಗಳ ಸ್ಲೈಡಿನ ಸ್ಪ್ರಿಂಗ್ ಸಾಮಾನ್ಯವಾಗಿ ಬಿಗಿಯಾಗಿರುತ್ತದೆ. ಬೆರಳುಗಳಲ್ಲಿ ಶಕ್ತಿ ಕಡಿಮೆಯಿರುವ ಹಿರಿಯ ನಾಗರಿಕರು ಅಂಗಡಿಯಲ್ಲಿಯೇ ಖಾಲಿ ಪಿಸ್ತೂಲಿನ ಸ್ಲೈಡನ್ನು ಎಳೆದು ನೋಡಿ ನಿರ್ಧರಿಸಬೇಕು.

ಇನ್ನೂ ಮುಖ್ಯವಾದುದು ಮನೆಯೊಳಗಿನ ಅಪಘಾತದ ಪ್ರಶ್ನೆ. ಪಿಸ್ತೂಲಿನಿಂದ ಮ್ಯಾಗಜಿನ್ ಹೊರತೆಗೆದ ಕೂಡಲೇ ಅದು ಖಾಲಿಯಾಯಿತೆಂದು ತಿಳಿಯುವುದು ದೊಡ್ಡ ತಪ್ಪು. ಒಂದು ತೋಟಾ ನಳಿಗೆಯ ಹಿಂಭಾಗದ ಕೋಣೆಯಲ್ಲಿಯೇ ಉಳಿದಿರಬಹುದು. ಮ್ಯಾಗಜಿನ್ ತೆಗೆದ ನಂತರ ಸ್ಲೈಡನ್ನು ಹಿಂದಕ್ಕೆಳೆದು ಆ ಕೋಣೆಯನ್ನು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ಖಚಿತಪಡಿಸಿಕೊಳ್ಳಬೇಕು. ರಿವಾಲ್ವರಿನ ಸಿಲಿಂಡರ್ ತೆರೆದರೆ ಎಲ್ಲ ಕೋಣೆಗಳೂ ಒಂದೇ ನೋಟಕ್ಕೆ ಕಾಣುತ್ತವೆ. ಹೆಚ್ಚು ಅಭ್ಯಾಸಕ್ಕೆ ಅವಕಾಶವಿಲ್ಲದವರಿಗೆ, ಮನೆಯಲ್ಲಿ ಮಕ್ಕಳಿರುವವರಿಗೆ ಈ ಸರಳತೆಯೇ ರಿವಾಲ್ವರನ್ನು ಆಯ್ದುಕೊಳ್ಳಲು ಸಾಕಾದ ಕಾರಣ. ನಿಯಮಿತವಾಗಿ ಶೂಟಿಂಗ್ ಕ್ಲಬ್ಬಿಗೆ ಹೋಗುವವರು ಪಿಸ್ತೂಲನ್ನು ಆಯ್ದುಕೊಂಡರೆ ಆಕ್ಷೇಪಣೆಯಿಲ್ಲ.

ದೇಶೀಯವಾಗಿ ತಯಾರಾಗುವ ಆಯುಧಗಳು

ಆರ್ಡ್ನೆನ್ಸ್ ಕಾರ್ಖಾನೆಗಳು 01.10.2021ರಿಂದ ಏಳು ಸರ್ಕಾರಿ ಕಂಪನಿಗಳಾಗಿ ಪುನರ್ರಚನೆಗೊಂಡಿವೆ. ಸಣ್ಣ ಆಯುಧಗಳನ್ನು ತಯಾರಿಸುವ ಕಾರ್ಖಾನೆಗಳು ಕಾನ್ಪುರದಲ್ಲಿ ಕೇಂದ್ರ ಕಚೇರಿಯುಳ್ಳ ಅಡ್ವಾನ್ಸ್ಡ್ ವೆಪನ್ಸ್ ಅಂಡ್ ಎಕ್ವಿಪ್ಮೆಂಟ್ ಇಂಡಿಯಾ ಲಿಮಿಟೆಡ್ ಅಡಿಯಲ್ಲಿವೆ. ತೋಟಾ ತಯಾರಿಸುವ ಖಡ್ಕಿ ಕಾರ್ಖಾನೆಯು ಮ್ಯೂನಿಷನ್ಸ್ ಇಂಡಿಯಾ ಲಿಮಿಟೆಡ್‌ಗೆ ಸೇರಿದೆ.

ಇಶಾಪುರ ರೈಫಲ್ ಕಾರ್ಖಾನೆಯ .32 ಪಿಸ್ತೂಲು "ಅಶನಿ" ಎಂಬ ಹೆಸರಿನದು. ಅದೇ ಕಾರ್ಖಾನೆಯ "ನಿಡರ್" .22 ರಿವಾಲ್ವರಿನ ತೂಕ ಸುಮಾರು 250 ಗ್ರಾಂ ಮಾತ್ರ. 2014ರಲ್ಲಿ ಕಾನ್ಪುರದಿಂದ ಹೊರಬಂದ "ನಿರ್ಭೀಕ್" .32 ರಿವಾಲ್ವರು ಮಹಿಳೆಯರಿಗಾಗಿ ಎಂಬ ಪ್ರಚಾರ ಪಡೆಯಿತು. ಟೈಟಾನಿಯಂ ಮಿಶ್ರಲೋಹದ ಇದರ ತೂಕ ಸುಮಾರು 500 ಗ್ರಾಂ, ಆಗಿನ ಬೆಲೆ 1.22 ಲಕ್ಷ ರೂಪಾಯಿಗಳಷ್ಟಿತ್ತು. 2023ರಲ್ಲಿ ಬಂದ "ಪ್ರಬಲ್" ರಿವಾಲ್ವರಿನ ತೂಕ ಸುಮಾರು 700 ಗ್ರಾಂ, ನಳಿಗೆಯ ಉದ್ದ 76 ಮಿ.ಮೀ. ಹಿಂದಿನ ಮಾದರಿಗಳನ್ನು ತೋಟಾ ತುಂಬಲು ನಡುವೆ ಮುರಿದಂತೆ ಬಾಗಿಸಬೇಕಿತ್ತು. ಪ್ರಬಲ್‌ನಲ್ಲಿ ಸಿಲಿಂಡರು ಪಕ್ಕಕ್ಕೆ ತೆರೆದುಕೊಳ್ಳುತ್ತದೆ.

ತೂಕ ಕಡಿಮೆಯಾದಷ್ಟೂ ಒಳ್ಳೆಯದೆಂಬುದು ಪೂರ್ತಿ ನಿಜವಲ್ಲ. ಹಗುರವಾದ ಆಯುಧವನ್ನು ದಿನವಿಡೀ ಹೊತ್ತಿರುವುದು ಸುಲಭ, ಆದರೆ ಹಾರಿಸುವಾಗ ಅದರ ಹಿಂದೊದೆತ ಹೆಚ್ಚು. ನಳಿಗೆ ಗಿಡ್ಡವಾದಷ್ಟೂ ಗುರಿ ತಪ್ಪುವ ಸಂಭವ ಏರುತ್ತದೆ. ಹಿಡಿಕೆಯು ಕಿರುಬೆರಳಿಗೂ ಆಸರೆ ನೀಡುವಷ್ಟು ಉದ್ದವಿದ್ದರೆ ಹಿಡಿತ ಗಟ್ಟಿಯಾಗುತ್ತದೆ. ತರಬೇತಿಯ ಸಮಯದಲ್ಲಿ ಬೇರೆ ಬೇರೆ ಗಾತ್ರದ ಆಯುಧಗಳನ್ನು ಹಾರಿಸಿ ನೋಡಲು ಅವಕಾಶವಿದ್ದರೆ ಅದನ್ನು ಬಳಸಿಕೊಳ್ಳಬೇಕು.

ಮರೆಮಾಡಿಯೇ ಒಯ್ಯತಕ್ಕದ್ದು

ಕೆಲವರು ಆಯುಧವನ್ನು ಸೊಂಟದಲ್ಲಿ ಎಲ್ಲರಿಗೂ ಕಾಣುವಂತೆ ಸಿಕ್ಕಿಸಿಕೊಂಡು ಓಡಾಡುವುದುಂಟು. ಇದು ನಿಯಮಬಾಹಿರ. ಆಯುಧ ನಿಯಮಗಳು, 2016ರಂತೆ ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲು, ರಿವಾಲ್ವರನ್ನು ಅದಕ್ಕಾಗಿ ತಯಾರಿಸಿದ, ದೇಹಕ್ಕೆ ಬಿಗಿದ ಹೋಲ್ಸ್ಟರಿನಲ್ಲಿ ಅಥವಾ ಅಂತಹದೇ ಚೀಲದಲ್ಲಿ ಇರಿಸಿ, ಪೂರ್ತಿಯಾಗಿ ಮುಚ್ಚಿ, ತಮ್ಮ ಹತೋಟಿಯಲ್ಲಿರುವಂತೆ ಒಯ್ಯಬೇಕು. ಝಳಪಿಸುವುದು, ಗಾಳಿಯಲ್ಲಿ ಗುಂಡು ಹಾರಿಸುವುದು ನಿಷಿದ್ಧ. ಮದುವೆ ಮುಂತಾದ ಸಂಭ್ರಮದ ಸಂದರ್ಭದಲ್ಲಿ ಇತರರ ಪ್ರಾಣಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿದವರಿಗೆ ಎರಡು ವರ್ಷಗಳವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು.

ಹೋಲ್ಸ್ಟರನ್ನು ಆಯುಧದಷ್ಟೇ ಎಚ್ಚರಿಕೆಯಿಂದ ಆರಿಸಬೇಕು. ಅದು ಟ್ರಿಗರನ್ನು ಪೂರ್ತಿ ಮುಚ್ಚುವಂತಿರಬೇಕು. ಬೀಗದ ಕೈ, ನಾಣ್ಯಗಳೊಂದಿಗೆ ಜೇಬಿನಲ್ಲಿ ಬರಿಯ ಪಿಸ್ತೂಲನ್ನು ಇಡುವುದು ಅಪಾಯಕರ. ಕೈಚೀಲದಲ್ಲಿ ಒಯ್ಯುವ ಮಹಿಳೆಯರು ಆಯುಧಕ್ಕೆಂದೇ ಪ್ರತ್ಯೇಕ ಅರೆಯಿರುವ ಚೀಲವನ್ನು ಬಳಸಬೇಕು ಮತ್ತು ಆ ಚೀಲವನ್ನು ಬಸ್ಸಿನ ಸೀಟಿನ ಮೇಲಾಗಲಿ, ಕಚೇರಿಯ ಮೇಜಿನ ಮೇಲಾಗಲಿ ಬಿಟ್ಟುಹೋಗಬಾರದು. ಕರಾವಳಿಯ ತೇವ, ಮಳೆಗಾಲ, ದೇಹದ ಬೆವರು ಉಕ್ಕಿಗೆ ಶತ್ರುಗಳು. ಚರ್ಮದ ಹೋಲ್ಸ್ಟರು ತೇವವನ್ನು ಹೀರಿ ಹಿಡಿದಿಡುವುದರಿಂದ ರಾತ್ರಿ ಆಯುಧವನ್ನು ಹೊರತೆಗೆದು, ಒಣಬಟ್ಟೆಯಿಂದ ಒರೆಸಿ, ತೆಳುವಾಗಿ ಎಣ್ಣೆ ಸವರಿ ಉಕ್ಕಿನ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಡುವುದು ರೂಢಿಯಾಗಬೇಕು.

ಪರವಾನಗಿ ಇದ್ದರೂ ವಿಶೇಷ ಅನುಮತಿಯಿಲ್ಲದೆ ಜಾತ್ರೆ, ಧಾರ್ಮಿಕ ಮೆರವಣಿಗೆ, ಸಾರ್ವಜನಿಕ ಸಭೆ ಹಾಗೂ ಶಿಕ್ಷಣ ಸಂಸ್ಥೆಗಳ ಆವರಣಕ್ಕೆ ಆಯುಧ ಒಯ್ಯುವಂತಿಲ್ಲ. ಮಗುವನ್ನು ಶಾಲೆಗೆ ಬಿಡಲು ಹೋಗುವ ಪೋಷಕರು ಇದನ್ನು ಮರೆಯುವ ಸಂಭವ ಹೆಚ್ಚು. ಪರವಾನಗಿಯು ಜಿಲ್ಲೆಗೋ ರಾಜ್ಯಕ್ಕೋ ಸೀಮಿತವಾಗಿದ್ದರೆ ಆ ಗಡಿಯಾಚೆಗೆ ಅದು ಅನ್ವಯಿಸುವುದಿಲ್ಲ. ಬೆಳಗಾವಿಯಿಂದ ಕೊಲ್ಹಾಪುರಕ್ಕೆ, ಮಂಗಳೂರಿನಿಂದ ಕಾಸರಗೋಡಿಗೆ ಆಗಾಗ ಹೋಗುವವರು ಅರ್ಜಿಯಲ್ಲಿಯೇ ವ್ಯಾಪ್ತಿಯ ಬಗ್ಗೆ ಕೋರಿಕೆ ಸಲ್ಲಿಸಬೇಕು.

ಆತ್ಮರಕ್ಷಣೆಯ ಹಕ್ಕು 01.07.2024ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೆಯ ಪ್ರಕರಣಗಳಲ್ಲಿದೆ. ಪೊಲೀಸರ ರಕ್ಷಣೆ ಪಡೆಯಲು ಸಮಯವಿದ್ದಲ್ಲಿ ಈ ಹಕ್ಕು ಲಭಿಸದು. ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚಿನ ಹಾನಿಯನ್ನು ಉಂಟುಮಾಡುವಂತಿಲ್ಲ. ಓಡಿಹೋಗುತ್ತಿರುವ ಕಳ್ಳನ ಬೆನ್ನಿಗೆ ಗುಂಡು ಹಾರಿಸಿದವರು ಪರವಾನಗಿಯನ್ನು ತೋರಿಸಿ ಪಾರಾಗಲಾರರು.

ಖರೀದಿ ಮತ್ತು ನಂತರದ ಕ್ರಮಗಳು

ಪರವಾನಗಿ ಹೊಂದಿದ ವ್ಯಾಪಾರಿಯಿಂದ ಖರೀದಿಸುವಾಗ ಆಯುಧದ ಮೇಲೆ ಕೆತ್ತಿದ ಸಂಖ್ಯೆಯನ್ನು ರಸೀದಿಯೊಂದಿಗೆ ತಾಳೆ ನೋಡಬೇಕು. ಇನ್ನೊಬ್ಬ ಪರವಾನಗಿದಾರರಿಂದ ಹಳೆಯ ಆಯುಧ ಕೊಳ್ಳುವುದಾದರೆ, ಮಾರುವವರು ಪ್ರಾಧಿಕಾರಕ್ಕೆ ಅಥವಾ ಹತ್ತಿರದ ಠಾಣೆಗೆ ಲಿಖಿತ ಮಾಹಿತಿ ನೀಡಿ 45 ದಿನಗಳು ಕಳೆದ ನಂತರವೇ ಹಸ್ತಾಂತರಿಸಬಹುದು. ವಿದೇಶಿ ಹೆಸರಿನ ಹಳೆಯ ಪಿಸ್ತೂಲುಗಳಿಗೆ ದುಬಾರಿ ಬೆಲೆ ತೆರುವವರಿದ್ದಾರೆ. ಬಿಡಿಭಾಗ ಸಿಗದ, ಸ್ಪ್ರಿಂಗ್ ಸವೆದ ಆಯುಧ ಎಷ್ಟೇ ಹೆಸರಾಂತದ್ದಾದರೂ ಆತ್ಮರಕ್ಷಣೆಗೆ ನಂಬಲರ್ಹವಲ್ಲ. ಖರೀದಿಸಿದ ಆಯುಧವನ್ನು ನಿಗದಿತ ಅವಧಿಯೊಳಗೆ ಪ್ರಾಧಿಕಾರದ ಮುಂದೆ ಹಾಜರುಪಡಿಸಿ ಪರವಾನಗಿಯಲ್ಲಿ ನಮೂದಿಸಿಕೊಳ್ಳಬೇಕು. ರಾಷ್ಟ್ರೀಯ ದತ್ತಾಂಶದ ವಿಶಿಷ್ಟ ಗುರುತಿನ ಸಂಖ್ಯೆಯಿಲ್ಲದ ಪರವಾನಗಿ ಮಾನ್ಯವಲ್ಲ.

ಚುನಾವಣೆಯ ಸಮಯದಲ್ಲಿ ಪರಿಶೀಲನಾ ಸಮಿತಿಯ ತೀರ್ಮಾನದಂತೆ ಆಯುಧವನ್ನು ಠೇವಣಿ ಇರಿಸುವ ಆದೇಶ ಬಂದಲ್ಲಿ ಪಾಲಿಸಿ, ರಸೀದಿಯನ್ನು ಜೋಪಾನವಾಗಿಡಬೇಕು. ಆಯುಧ ಕಳವಾದರೆ ಅಥವಾ ಕಳೆದುಹೋದರೆ ಕೂಡಲೇ ಹತ್ತಿರದ ಠಾಣೆಯಲ್ಲಿ ದೂರು ದಾಖಲಿಸತಕ್ಕದ್ದು. ಪರವಾನಗಿದಾರರು ಮೃತಪಟ್ಟಲ್ಲಿ ಆಯುಧವು ವಾರಸುದಾರರಿಗೆ ತಾನಾಗಿಯೇ ಸಲ್ಲುವುದಿಲ್ಲ. ಅವರು ಅದನ್ನು ವಿಳಂಬವಿಲ್ಲದೆ ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಹೊಂದಿದ ವ್ಯಾಪಾರಿಯಲ್ಲಿ ಠೇವಣಿ ಇರಿಸಿ, ತಮ್ಮ ಹೆಸರಿನಲ್ಲಿ ಹೊಸದಾಗಿ ಅರ್ಜಿ ಸಲ್ಲಿಸಬೇಕು.