ಉಲ್ಲೇಖ ಮತ್ತು ಕರ್ತೃತ್ವ: ಕಲ್ಯಾಣ ಪರಿಸರದ ಕೃತಿಗಳನ್ನು ಕುರಿತು ಒಂದು ವಿಚಾರ

1

ಒಂದು ಕೃತಿಯನ್ನು ರಚಿಸಿದವರು ಯಾರು ಎಂಬ ಪ್ರಶ್ನೆಗೆ ಉತ್ತರ ಹುಡುಕುವ ಸಾಧನಗಳಲ್ಲಿ ಉಲ್ಲೇಖವು ಮುಖ್ಯವಾದುದು. ಗ್ರಂಥಕರ್ತನು ತನಗಿಂತ ಹಿಂದಿನವರ ಮಾತನ್ನು ಎತ್ತಿ ಹೇಳುತ್ತಾನೆ. ತನಗಿಂತ ಈಚಿನವರು ಅವನ ಮಾತನ್ನು ಎತ್ತಿ ಹೇಳುತ್ತಾರೆ. ಮೊದಲನೆಯದರಿಂದ ಕೃತಿಯ ಕಾಲಕ್ಕೆ ಪೂರ್ವಸೀಮೆಯೂ ಎರಡನೆಯದರಿಂದ ಉತ್ತರಸೀಮೆಯೂ ದೊರೆಯುತ್ತವೆ. ಈ ಕ್ರಮವು ವಿದ್ವಾಂಸರಿಗೆಲ್ಲ ಪರಿಚಿತವಾದುದೇ. ಆದರೆ ಉಲ್ಲೇಖದಿಂದ ನಿಜವಾಗಿ ಸಿದ್ಧವಾಗುವುದು ಏನು, ಸಿದ್ಧವಾಗದೆ ಉಳಿಯುವುದು ಏನು ಎಂಬುದನ್ನು ವಿಂಗಡಿಸಿ ನೋಡುವ ಅಭ್ಯಾಸ ನಮ್ಮಲ್ಲಿ ಇನ್ನೂ ಬಲವಾಗಿಲ್ಲ. ಆ ವಿಂಗಡಣೆಯನ್ನು ಮಾಡುವುದೇ ಈ ಲೇಖನದ ಉದ್ದೇಶ.

ಇದಕ್ಕೆ ಕಲ್ಯಾಣದ ಪರಿಸರಕ್ಕಿಂತ ಉಚಿತವಾದ ಕ್ಷೇತ್ರ ದೊರೆಯುವುದು ಕಷ್ಟ. ಇಂದಿನ ಬೀದರ ಜಿಲ್ಲೆಯಲ್ಲಿ ಬಸವಕಲ್ಯಾಣ, ಕೊಹಿನೂರ, ಬೇಲೂರು, ಹುಮನಾಬಾದ ಮೊದಲಾದ ಊರುಗಳಿರುವ ಈ ಭೂಭಾಗವು ಹನ್ನೊಂದು ಮತ್ತು ಹನ್ನೆರಡನೆಯ ಶತಮಾನಗಳಲ್ಲಿ ರಾಜಧಾನಿಯ ಸುತ್ತಣ ನಾಡಾಗಿತ್ತು. ಧರ್ಮಶಾಸ್ತ್ರಜ್ಞ, ಅರಸ, ಶರಣ ಈ ಮೂರು ಬಗೆಯ ಕರ್ತೃಗಳು ಇಲ್ಲಿ ಆಗಿಹೋದರು. ಮೂವರ ವಿಷಯದಲ್ಲಿಯೂ ಉಲ್ಲೇಖವು ಒಂದೇ ರೀತಿಯ ಸಾಕ್ಷ್ಯವನ್ನು ಕೊಡುವುದಿಲ್ಲ.

2

ಮೊದಲು ತೊಡಕಿಲ್ಲದ ನಿದರ್ಶನವನ್ನು ತೆಗೆದುಕೊಳ್ಳೋಣ. ಯಾಜ್ಞವಲ್ಕ್ಯ ಸ್ಮೃತಿಗೆ ವಿಜ್ಞಾನೇಶ್ವರನು ಬರೆದ ಮಿತಾಕ್ಷರಾ ವ್ಯಾಖ್ಯಾನವು ಕಲ್ಯಾಣದಲ್ಲಿ ಹುಟ್ಟಿ ಭರತಖಂಡದ ಬಹುಭಾಗದಲ್ಲಿ ದಾಯಭಾಗದ ವ್ಯವಹಾರಗಳಿಗೆ ಪ್ರಮಾಣವಾಯಿತು. ಕೋಲ್‌ಬ್ರೂಕನು ಅದರ ದಾಯಭಾಗ ಪ್ರಕರಣವನ್ನು 1810ರಲ್ಲಿ ಇಂಗ್ಲಿಷಿಗೆ ತಂದ ಮೇಲೆ ನ್ಯಾಯಾಲಯಗಳಲ್ಲಿ ಅದರ ಅಧಿಕಾರ ಮತ್ತಷ್ಟು ಬೆಳೆಯಿತು. ಗ್ರಂಥದ ಕೊನೆಯ ಪದ್ಯಗಳು ಕಲ್ಯಾಣಪುರವನ್ನೂ ವಿಕ್ರಮಾರ್ಕನೆಂಬ ಅರಸನನ್ನೂ ಸ್ತುತಿಸುತ್ತವೆ. ಈ ಅರಸನು ಕ್ರಿ. ಶ. 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನೆಂದು ಒಪ್ಪಲಾಗಿದೆ.

ಸ್ತುತಿಪದ್ಯಗಳನ್ನು ಬದಿಗಿಟ್ಟರೂ ಉಲ್ಲೇಖಗಳು ಇದೇ ಕಾಲವನ್ನು ತೋರಿಸುತ್ತವೆ. ವಿಜ್ಞಾನೇಶ್ವರನು ವಿಶ್ವರೂಪ, ಮೇಧಾತಿಥಿ, ಧಾರೇಶ್ವರ ಮೊದಲಾದವರ ಮತಗಳನ್ನು ಹೆಸರಿಸಿ ಚರ್ಚಿಸುತ್ತಾನೆ. ಧಾರೇಶ್ವರನೆಂದರೆ ಹನ್ನೊಂದನೆಯ ಶತಮಾನದ ಮೊದಲರ್ಧದಲ್ಲಿ ಪ್ರಸಿದ್ಧನಾದ ಧಾರಾನಗರದ ಭೋಜರಾಜ. ಆದುದರಿಂದ ಮಿತಾಕ್ಷರೆಯು ಭೋಜನಿಗಿಂತ ಈಚಿನದು. ಇತ್ತ ಹದಿಮೂರನೆಯ ಶತಮಾನದ ಆದಿಭಾಗಕ್ಕೆ ಸೇರಿದ ಸ್ಮೃತಿಚಂದ್ರಿಕೆಯಲ್ಲಿ ವಿಜ್ಞಾನೇಶ್ವರನ ಮತವು ಉದ್ಧೃತವಾಗಿದೆ. ಪಾಂಡುರಂಗ ವಾಮನ ಕಾಣೆಯವರು ತಮ್ಮ ಧರ್ಮಶಾಸ್ತ್ರದ ಇತಿಹಾಸದಲ್ಲಿ ಗ್ರಂಥದಿಂದ ಗ್ರಂಥಕ್ಕೆ ಕಟ್ಟಿದ ಕಾಲಾನುಕ್ರಮವು ಬಹುಮಟ್ಟಿಗೆ ಇಂತಹ ಉಲ್ಲೇಖಗಳ ಸರಪಣಿಯೇ ಆಗಿದೆ.

ಇಲ್ಲಿ ಈ ವಿಧಾನವು ಫಲಿಸಿದುದಕ್ಕೆ ಕಾರಣವನ್ನು ಗಮನಿಸಬೇಕು. ಶಾಸ್ತ್ರಗ್ರಂಥದಲ್ಲಿ ಪೂರ್ವಪಕ್ಷವನ್ನು ಹೇಳಿ ಖಂಡಿಸುವುದು ವಾದದ ಅಂಗ. ಯಾರ ಮತವನ್ನು ಖಂಡಿಸುತ್ತಿದ್ದೇನೆಂದು ಹೇಳದೆ ಹೋದರೆ ವಾದವೇ ಕುಂಟುತ್ತದೆ. ಹೀಗಾಗಿ ಹೆಸರೂ ಮಾತೂ ಒಟ್ಟಿಗೆ ಉಳಿದುಬಂದಿವೆ. ಕಾವ್ಯಕ್ಕಾಗಲಿ ವಚನಕ್ಕಾಗಲಿ ಈ ಅನುಕೂಲವಿಲ್ಲ.

3

ಹೆಸರು ಉಳಿದರೂ ಸಂದೇಹ ಪರಿಹಾರವಾಗದ ಸಂದರ್ಭಗಳುಂಟು. ಕಾವ್ಯಾವಲೋಕನ, ಕರ್ಣಾಟಕ ಭಾಷಾಭೂಷಣ, ವಸ್ತುಕೋಶಗಳನ್ನು ಬರೆದ ನಾಗವರ್ಮನು ಜಗದೇಕಮಲ್ಲನ ಕಟಕೋಪಾಧ್ಯಾಯನಾಗಿದ್ದನೆಂದು ಹದಿಮೂರನೆಯ ಶತಮಾನದ ಜನ್ನನು ತಿಳಿಸುತ್ತಾನೆ. ಸಾಕ್ಷ್ಯವು ಸ್ಪಷ್ಟವಾಗಿಯೇ ಇದೆ. ಆದರೆ ಚಾಲುಕ್ಯ ವಂಶದಲ್ಲಿ ಜಗದೇಕಮಲ್ಲನೆಂಬ ಬಿರುದು ಇಬ್ಬರಿಗೆ ಇತ್ತು. ಹನ್ನೊಂದನೆಯ ಶತಮಾನದ ಜಯಸಿಂಹನೊಬ್ಬ, 1138ರಲ್ಲಿ ಪಟ್ಟಕ್ಕೆ ಬಂದ ಇಮ್ಮಡಿ ಜಗದೇಕಮಲ್ಲನೊಬ್ಬ. ಆರ್. ನರಸಿಂಹಾಚಾರ್ಯರ ಕರ್ಣಾಟಕ ಕವಿಚರಿತೆಯು ಎರಡನೆಯವನನ್ನು ಹಿಡಿದು ಕವಿಯನ್ನು ಹನ್ನೆರಡನೆಯ ಶತಮಾನದ ನಡುಭಾಗದಲ್ಲಿ ನಿಲ್ಲಿಸಿತು. ನಾಗವರ್ಮನ ಹೆಸರುಳ್ಳ, 1042ರಲ್ಲಿ ರಚಿತವಾದ ವರ್ಧಮಾನ ಪುರಾಣವು ಬೆಳಕಿಗೆ ಬಂದ ಮೇಲೆ ಮೊದಲನೆಯ ಪಕ್ಷಕ್ಕೆ ಬಲ ಬಂದಿತು. ಜನ್ನನ ಮಾತು ಸುಳ್ಳಾಗಲಿಲ್ಲ. ಅದನ್ನು ಓದುವ ರೀತಿ ಬದಲಾಯಿತು. ಒಂದು ಉಲ್ಲೇಖವು ನೂರು ವರ್ಷಗಳ ಅಂತರದ ಎರಡು ಅರ್ಥಗಳಿಗೆ ಎಡೆಗೊಡಬಲ್ಲದೆಂಬುದಕ್ಕೆ ಇದು ಸಾಕು.

ಅರಸನ ಹೆಸರಿನ ಕೃತಿಗಳಲ್ಲಿ ತೊಡಕು ಬೇರೆ ಬಗೆಯದು. ಮಾನಸೋಲ್ಲಾಸವು ಮೂರನೆಯ ಸೋಮೇಶ್ವರನದು. ಅದರ ಜ್ಯೋತಿರ್ಗಣಿತದ ಭಾಗವು ಶಕ 1051ನ್ನು, ಎಂದರೆ ಕ್ರಿ. ಶ. 1129ನ್ನು, ಗಣನೆಗೆ ಮೊದಲಾಗಿ ಹಿಡಿದಿರುವುದರಿಂದ ಕಾಲದ ಬಗ್ಗೆ ಚರ್ಚೆಗೆ ಅವಕಾಶ ಕಡಿಮೆ. ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವನು ಸಂಗೀತರತ್ನಾಕರದಲ್ಲಿ ಪೂರ್ವಾಚಾರ್ಯರನ್ನು ಎಣಿಸುವಾಗ ಸೋಮೇಶ್ವರನ ಹೆಸರನ್ನೂ ಸೇರಿಸಿದ್ದಾನೆ. ಇದರಿಂದ ಆ ಅರಸನು ಸಂಗೀತಶಾಸ್ತ್ರದ ಆಚಾರ್ಯನೆಂದು ಮಾನ್ಯನಾಗಿದ್ದನೆಂಬುದು ನಿಶ್ಚಯವಾಗುತ್ತದೆ. ಆನೆ, ಕುದುರೆ, ಅಡುಗೆ, ರತ್ನ, ಬೇಟೆ, ನೃತ್ಯಗಳನ್ನೆಲ್ಲ ಒಳಗೊಂಡ ಆ ಬೃಹದ್ಗ್ರಂಥದ ಪ್ರತಿಯೊಂದು ಪ್ರಕರಣವನ್ನೂ ಅವನೇ ಕುಳಿತು ಬರೆದನೆ, ಆಸ್ಥಾನದ ತಜ್ಞರ ನೆರವನ್ನು ಪಡೆದನೆ ಎಂಬುದು ಮಾತ್ರ ಶಾರ್ಙ್ಗದೇವನ ಉಲ್ಲೇಖದಿಂದ ತಿಳಿಯುವುದಿಲ್ಲ. ಉಲ್ಲೇಖವು ಹೇಳುವುದು ಕೃತಿಯು ಯಾರ ಹೆಸರಿನಲ್ಲಿ ನಡೆಯುತ್ತಿತ್ತೆಂಬುದನ್ನು. ಯಾರ ಕೈ ಅದನ್ನು ಬರೆಯಿತೆಂಬುದನ್ನಲ್ಲ.

4

ವಚನಗಳ ವಿಷಯಕ್ಕೆ ಬಂದಾಗ ಈ ಭೇದವು ಅತಿ ಮಹತ್ವದ್ದಾಗುತ್ತದೆ. ವಚನದ ಕರ್ತೃವನ್ನು ನಾವು ಅಂಕಿತದಿಂದ ಗುರುತಿಸುತ್ತೇವೆ. ಅಂಕಿತವು ಕರ್ತೃವಿನ ಹೆಸರಲ್ಲ, ಅವನ ಇಷ್ಟದೈವದ ಹೆಸರು. ವಚನಗಳು ಬಾಯಿಂದ ಬಾಯಿಗೆ, ಓಲೆಗರಿಯಿಂದ ಓಲೆಗರಿಗೆ ಸಾಗಿಬಂದು, ಹದಿನೈದನೆಯ ಶತಮಾನದಿಂದೀಚೆಗೆ ಶೂನ್ಯಸಂಪಾದನೆಯಂತಹ ಸಂಕಲನಗಳಲ್ಲಿ ವ್ಯವಸ್ಥೆಗೊಂಡವು. ಫ. ಗು. ಹಳಕಟ್ಟಿಯವರ ವಚನಶಾಸ್ತ್ರಸಾರದ ಮೊದಲ ಭಾಗ 1923ರಲ್ಲಿ ಹೊರಬಂದ ಮೇಲೆ ಅವು ಮುದ್ರಣದಲ್ಲಿ ಹರಡಿದವು. 1993ರಲ್ಲಿ ಸಮಗ್ರ ವಚನ ಸಂಪುಟಗಳು ಪ್ರಕಟವಾದವು. ಈ ದೀರ್ಘ ಮಾರ್ಗದಲ್ಲಿ ಅಂಕಿತದ ಒಂದು ಪದ ಜಾರಿದರೆ ಕರ್ತೃವೇ ಬದಲಾಗುವ ಸಂಭವವಿದೆ.

ಈ ಅಪಾಯವು ಹೆಚ್ಚಾಗಿ ತಟ್ಟುವುದು ಶರಣೆಯರಿಗೆ. ಆಯ್ದಕ್ಕಿ ಮಾರಯ್ಯನ ಅಂಕಿತ ‘ಅಮರೇಶ್ವರಲಿಂಗ’; ಅವನ ಪತ್ನಿ ಲಕ್ಕಮ್ಮನ ಅಂಕಿತ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಬಸವಣ್ಣನವರ ಅಂಕಿತ ‘ಕೂಡಲಸಂಗಮದೇವ’. ಗಂಗಾಂಬಿಕೆಯದು ‘ಗಂಗಾಪ್ರಿಯ ಕೂಡಲಸಂಗಮದೇವ’. ಮೋಳಿಗೆ ಮಾರಯ್ಯನದು ‘ನಿಃಕಳಂಕ ಮಲ್ಲಿಕಾರ್ಜುನ’. ಅವನ ಪತ್ನಿ ಮಹಾದೇವಿಯದು ‘ಎನ್ನಯ್ಯಪ್ರಿಯ ಇಮ್ಮಡಿ ನಿಃಕಳಂಕ ಮಲ್ಲಿಕಾರ್ಜುನ’. ಪತ್ನಿಯ ಅಂಕಿತದೊಳಗೆ ಪತಿಯ ಅಂಕಿತ ಅಡಗಿದೆ. ಲಿಪಿಕಾರನು ಮೊದಲಿನ ಒಂದೆರಡು ಪದಗಳನ್ನು ಬಿಟ್ಟರೆ ಅವಳ ವಚನವು ಅವನದಾಗುತ್ತದೆ. ಇದಕ್ಕೆ ವಿಪರೀತವಾಗಿ ಅವನ ವಚನವು ಅವಳದಾಗಬೇಕಾದರೆ ಇಲ್ಲದ ಪದವನ್ನು ಹೊಸದಾಗಿ ಸೇರಿಸಬೇಕು. ಲೋಪವು ಸಾಮಾನ್ಯ, ಸೇರ್ಪಡೆಯು ವಿರಳ. ಆದಕಾರಣ ಹಸ್ತಪ್ರತಿಗಳಲ್ಲಿ ಅಂಕಿತವು ಭಿನ್ನವಾಗಿರುವಾಗ ದೀರ್ಘವಾದ ಅಂಕಿತವನ್ನು ಸುಲಭವಾಗಿ ತಳ್ಳಿಹಾಕಬಾರದು. ಒಂದೇ ವಚನವನ್ನು ಈಚಿನ ಸಂಕಲನಗಳು ಯಾರ ಬಾಯಲ್ಲಿ ಇಟ್ಟಿವೆಯೆಂಬುದನ್ನು ಕಾಲಾನುಕ್ರಮದಲ್ಲಿ ಪಟ್ಟಿ ಮಾಡಿದರೆ ಈ ಜಾರುವಿಕೆಯ ಜಾಡು ಸಿಕ್ಕಬಹುದು.

5

ಇನ್ನೊಂದು ಪ್ರಶ್ನೆಯು ವಚನದೊಳಗೆ ಬರುವ ಉಲ್ಲೇಖಗಳನ್ನು ಕುರಿತದ್ದು. ಇದಕ್ಕೆ ಉರಿಲಿಂಗಪೆದ್ದಿಯ ವಚನಗಳು ಒಳ್ಳೆಯ ನಿದರ್ಶನ. ಬಸವಕಲ್ಯಾಣ ತಾಲ್ಲೂಕಿನ ಬೇಲೂರಿನಲ್ಲಿ ಅವನ ಹೆಸರಿನ ಮಠವಿದೆ. ಪೆದ್ದಣ್ಣನು ಅಸ್ಪೃಶ್ಯನೆನಿಸಿದ ಕುಲದಲ್ಲಿ ಹುಟ್ಟಿ, ಕಳವಿಗೆ ಹೋದಾಗ ಉರಿಲಿಂಗದೇವನು ನೀಡುತ್ತಿದ್ದ ದೀಕ್ಷೆಯನ್ನು ಕಂಡು ಮನಸ್ಸು ತಿರುಗಿ, ಅವನ ಶಿಷ್ಯನಾಗಿ, ಕಂಧಾರದಲ್ಲಿ ಗುರುವಿನ ತರುವಾಯ ಪೀಠವನ್ನೇರಿದನೆಂದು ಪರಂಪರೆಯು ಹೇಳುತ್ತದೆ. ‘ಉರಿಲಿಂಗಪೆದ್ದಿಪ್ರಿಯ ವಿಶ್ವೇಶ್ವರ’ ಎಂಬ ಅಂಕಿತದಲ್ಲಿ ಮುನ್ನೂರಕ್ಕೂ ಹೆಚ್ಚು ವಚನಗಳು ದೊರೆತಿವೆ. ಇವುಗಳಲ್ಲಿ ಎದ್ದು ಕಾಣುವ ಲಕ್ಷಣವೆಂದರೆ ಶ್ರುತಿ, ಆಗಮ, ಪುರಾಣಗಳಿಂದ ಹೇರಳವಾಗಿ ಬರುವ ಸಂಸ್ಕೃತ ವಾಕ್ಯಗಳು.

ಈ ವಾಕ್ಯಗಳನ್ನು ಅವನೇ ಹೇಳಿದನೆ, ಅಥವಾ ಈಚಿನ ಸಂಕಲನಕಾರರು ಸೇರಿಸಿದರೆ? ಇದು ಕೇವಲ ಪಾಠಶೋಧನೆಯ ಪ್ರಶ್ನೆಯಲ್ಲ. ಎಲ್ಲವೂ ಪ್ರಕ್ಷಿಪ್ತವೆಂದರೆ, ವೇದವನ್ನು ಕೇಳಲೂ ಅಧಿಕಾರವಿಲ್ಲವೆಂದು ಸಮಾಜವು ಹೇಳಿದ್ದ ಮನುಷ್ಯನೊಬ್ಬನು ಅದೇ ವೇದವನ್ನು ತನ್ನ ವಾದಕ್ಕೆ ಸಾಕ್ಷಿಯಾಗಿ ಕರೆದ ಸಾಹಸವನ್ನು ನಾವು ಅವನಿಂದ ಕಿತ್ತುಕೊಂಡಂತಾಗುತ್ತದೆ. ಎಲ್ಲವೂ ಅವನದೇ ಎಂದರೆ, ಶಾಸ್ತ್ರಸಮ್ಮತಿಯನ್ನು ತೋರಿಸಲು ಹಂಬಲಿಸಿದ ಈಚಿನ ಕಾಲದ ಅಭಿರುಚಿಯನ್ನು ಹನ್ನೆರಡನೆಯ ಶತಮಾನದ ತಲೆಗೆ ಕಟ್ಟಿದಂತಾಗುತ್ತದೆ. ಕುಲವನ್ನು ನೋಡಿ ವಿದ್ಯೆಯನ್ನು ಶಂಕಿಸುವುದು ಯಾವ ದೃಷ್ಟಿಯಿಂದಲೂ ಪ್ರಮಾಣವಲ್ಲ. ಆದುದರಿಂದ ಪ್ರತಿಯೊಂದು ಉಲ್ಲೇಖವನ್ನೂ ಬೇರೆಬೇರೆಯಾಗಿಯೇ ಪರೀಕ್ಷಿಸಬೇಕು.

ಪರೀಕ್ಷೆಗೆ ನಾಲ್ಕು ಪ್ರಶ್ನೆಗಳನ್ನು ಸೂಚಿಸಬಹುದು. ಒಂದನೆಯದು, ಸಂಸ್ಕೃತ ವಾಕ್ಯವನ್ನು ತೆಗೆದರೆ ವಚನದ ಕನ್ನಡ ಭಾಗವು ತಾನಾಗಿ ನಿಲ್ಲುವುದೆ? ವಾಕ್ಯದ ಹಿಂದೆ ‘ಅದೆಂತೆಂದಡೆ’ ಎಂದೂ ಮುಂದೆ ‘ಎಂದುದಾಗಿ’ ಎಂದೂ ಇದ್ದ ಮಾತ್ರಕ್ಕೆ ಅದು ಮೂಲದ್ದೆನ್ನಲಾಗದು, ಏಕೆಂದರೆ ಸೇರಿಸಿದವರಿಗೂ ಆ ಪದಗಳು ಲಭ್ಯವಿದ್ದವು. ಆದರೆ ಉಲ್ಲೇಖದ ಒಂದು ಪದವನ್ನು ಹಿಡಿದು ಕನ್ನಡದ ವಾದವು ಮುಂದುವರಿದಿದ್ದರೆ ಅದನ್ನು ಬೇರ್ಪಡಿಸುವುದು ಸಾಧ್ಯವಿಲ್ಲ. ಎರಡನೆಯದು, ಪರಸ್ಪರ ಸಂಬಂಧವಿಲ್ಲದ ಹಸ್ತಪ್ರತಿಗಳಲ್ಲಿ ಅದೇ ಸ್ಥಾನದಲ್ಲಿ ಅದೇ ವಾಕ್ಯವಿದೆಯೆ? ಮೂರನೆಯದು, ಆಕರಗ್ರಂಥವು ವಚನಕಾರನ ಕಾಲಕ್ಕಿಂತ ಹಿಂದಿನದೆಂಬುದಕ್ಕೆ ಆಧಾರವಿದೆಯೆ? ನಾಲ್ಕನೆಯದು, ಅದೇ ಶ್ಲೋಕವು ಬೇರೆ ವಚನಕಾರರಲ್ಲಿಯೂ ಕಾಣುವುದೆ? ಕಂಡರೆ ಅದು ಶರಣರ ಗೋಷ್ಠಿಯಲ್ಲಿ ಬಳಕೆಯಲ್ಲಿದ್ದ ಮಾತೋ, ಒಬ್ಬನೇ ಸಂಕಲನಕಾರನ ಭಂಡಾರದ್ದೋ ಎಂಬುದನ್ನು ಹಂಚಿಕೆಯ ಕ್ರಮದಿಂದ ಊಹಿಸಬಹುದು.

ಇದರೊಡನೆ ಸಂಪಾದಕರಿಗೆ ಒಂದು ಎಚ್ಚರಿಕೆಯೂ ಅವಶ್ಯ. ಓಲೆಗರಿಯಲ್ಲಿ ಸಂಸ್ಕೃತವು ಅಶುದ್ಧವಾಗಿದ್ದರೆ ಅದನ್ನು ಆಕರಗ್ರಂಥಕ್ಕೆ ಹೋಲಿಸಿ ತಿದ್ದುವುದು ರೂಢಿ. ಓದುಗನಿಗೆ ಇದು ಉಪಕಾರ, ಸಂಶೋಧಕನಿಗೆ ನಷ್ಟ. ಹಲವು ಪ್ರತಿಗಳಲ್ಲಿ ಒಂದೇ ಬಗೆಯ ರೂಪಭೇದವಿದ್ದರೆ ಅದು ಲಿಪಿಕಾರನ ಕೈತಪ್ಪಲ್ಲದೆ, ಕಿವಿಯಿಂದ ಕಲಿತವರ ನಾಲಗೆಯ ಗುರುತಾಗಿರಬಹುದು. ಅದನ್ನು ಅಡಿಟಿಪ್ಪಣಿಯಲ್ಲಾದರೂ ಉಳಿಸಬೇಕು.

6

ಈ ಕಾಲದಲ್ಲಿ ಕರ್ತೃತ್ವದ ವಿಚಾರವು ಗ್ರಂಥಗಳಲ್ಲಿ ಮಾತ್ರವಲ್ಲದೆ ಸಾಕ್ಷ್ಯಚಿತ್ರಗಳಲ್ಲಿಯೂ ಜನರನ್ನು ಮುಟ್ಟುತ್ತಿದೆ. ಅಕ್ಷರ ಬಾರದವರಿಗೂ ಇತಿಹಾಸವನ್ನು ತಲುಪಿಸುವ ಈ ಸಾಧನವನ್ನು ಸಂಶೋಧಕರು ಉಪೇಕ್ಷಿಸುವಂತಿಲ್ಲ. ಆದರೆ ಚಿತ್ರವೂ ಉಲ್ಲೇಖಿಸುತ್ತದೆ. ಬಹುವೇಳೆ ಆಕರವನ್ನು ಹೇಳದೆ ಉಲ್ಲೇಖಿಸುತ್ತದೆ. ಹಿನ್ನೆಲೆಯ ಧ್ವನಿಯು ಹನ್ನೆರಡನೆಯ ಶತಮಾನದ ಅನುಭವ ಮಂಟಪವನ್ನು ವರ್ಣಿಸುತ್ತಿರುವಾಗ ತೆರೆಯ ಮೇಲೆ ಬಸವಕಲ್ಯಾಣದಲ್ಲಿ ಇಪ್ಪತ್ತನೆಯ ಶತಮಾನದಲ್ಲಿ ಕಟ್ಟಿದ ಮಂಟಪವು ಕಾಣಿಸಿದರೆ ನೋಡುಗನು ಎರಡನ್ನೂ ಒಂದೇ ಎಂದು ತಿಳಿಯುತ್ತಾನೆ. ವಚನ, ಶೂನ್ಯಸಂಪಾದನೆಯ ಗದ್ಯ, ಪುರಾಣದ ಕಥೆ ಮೂರೂ ಒಂದೇ ಕಂಠದಲ್ಲಿ ಬಂದಾಗ ಯಾವುದು ಯಾರ ಮಾತೆಂಬ ಅಂತರವೇ ಅಳಿಸಿಹೋಗುತ್ತದೆ. ಇದಕ್ಕೆ ಬದಲಾಗಿ, ಬಸವಣ್ಣನವರನ್ನು ಹೆಸರಿಸುವ 1260ರ ಅರ್ಜುನವಾಡ ಶಾಸನದ ಕಲ್ಲನ್ನು ಹತ್ತಿರದಿಂದ ತೋರಿಸಿ, ಸಾಲನ್ನು ಓದಿ, ವರ್ಷವನ್ನು ಹೇಳುವ ಚಿತ್ರವು ಒಳ್ಳೆಯ ಅಡಿಟಿಪ್ಪಣಿಯ ಕೆಲಸವನ್ನೇ ಮಾಡುತ್ತದೆ.

ಚಿತ್ರವು ಮಾಡಬಲ್ಲ, ಮುದ್ರಿತ ಪುಟವು ಮಾಡಲಾರದ ಕಾರ್ಯವೂ ಒಂದುಂಟು. ಮಠಗಳಲ್ಲಿಯೂ ಮನೆಗಳಲ್ಲಿಯೂ ವಚನಗಳನ್ನು ಹಾಡುವ, ಹೇಳುವ ರೂಢಿ ಇನ್ನೂ ಜೀವಂತವಾಗಿದೆ. ಹಾಡುವವರು ಸಂಸ್ಕೃತ ವಾಕ್ಯವನ್ನು ಉಳಿಸಿಕೊಳ್ಳುತ್ತಾರೆಯೆ, ಬಿಡುತ್ತಾರೆಯೆ? ಲಕ್ಕಮ್ಮನ ಅಂಕಿತವನ್ನು ಪೂರ್ಣವಾಗಿ ಹೇಳುತ್ತಾರೆಯೆ, ಮೊಟಕು ಮಾಡುತ್ತಾರೆಯೆ? ಕೊಹಿನೂರ, ಬೇಲೂರು, ಹುಮನಾಬಾದಗಳ ಸುತ್ತ ಹಾಡುವವರನ್ನು ಊರು ಮತ್ತು ದಿನಾಂಕ ಸಹಿತವಾಗಿ ಚಿತ್ರೀಕರಿಸಿ ಇಟ್ಟರೆ, ಬಾಯಿಮಾತಿನ ಪರಂಪರೆಯಲ್ಲಿ ಅಂಕಿತ ಮತ್ತು ಉಲ್ಲೇಖಗಳು ಹೇಗೆ ಮಾರ್ಪಡುತ್ತವೆಯೆಂಬುದನ್ನು ಕಣ್ಣಾರೆ ಕಂಡಂತಾಗುತ್ತದೆ. ಇಂದಿನ ಹಾಡಿಕೆಯು ಹನ್ನೆರಡನೆಯ ಶತಮಾನಕ್ಕೆ ನೇರವಾದ ಸಾಕ್ಷಿಯಲ್ಲ. ಮಾತು ಜಾರುವ ಬಗೆಗೆ ಮಾತ್ರ ಅದು ಸಾಕ್ಷಿ.

7

ಮೇಲಿನ ವಿವೇಚನೆಯಿಂದ ಫಲಿಸುವುದಿಷ್ಟು. ಉಲ್ಲೇಖವು ಕಾಲದ ಮೇರೆಗಳನ್ನು ಹಾಕಿಕೊಡುತ್ತದೆ. ಕೃತಿಯು ಯಾರ ಹೆಸರಿನಲ್ಲಿ ಸಂಚರಿಸಿತೆಂಬುದನ್ನು ತಿಳಿಸುತ್ತದೆ. ಅದರಾಚೆಗೆ, ಬರೆದ ಕೈ ಯಾವುದು ಎಂಬ ಪ್ರಶ್ನೆಗೆ ಭಾಷೆ, ಹಸ್ತಪ್ರತಿ, ಶಾಸನಗಳ ನೆರವಿಲ್ಲದೆ ಉತ್ತರ ಹೇಳಲಾಗದು. ವಿಜ್ಞಾನೇಶ್ವರನ ಹೆಸರನ್ನು ಕಾಯಲು ಅವನ ನಂತರದ ಶಾಸ್ತ್ರಕಾರರಿದ್ದರು. ಸೋಮೇಶ್ವರನ ಹೆಸರನ್ನು ಕಾಯಲು ಸಿಂಹಾಸನವಿತ್ತು. ಅಕ್ಕಿ ಆಯುತ್ತಿದ್ದ ಲಕ್ಕಮ್ಮನಿಗೆ ಅಂಕಿತದ ಮೊದಲಿನ ಒಂದು ಪದವಲ್ಲದೆ ಬೇರೆ ಕಾವಲಿಲ್ಲ. ಆ ಪದವನ್ನು ಓಲೆಗರಿಯಲ್ಲಿಯೂ ಅಚ್ಚಿನಲ್ಲಿಯೂ ತೆರೆಯ ಮೇಲೆಯೂ ಲೋಪವಾಗದಂತೆ ನೋಡಿಕೊಳ್ಳುವುದು ನಮ್ಮ ವಿಭಾಗಗಳ ಮೊದಲ ಕರ್ತವ್ಯವಾಗಬೇಕು.