ಬಿಸ್ಕತ್ತಿನ ಪ್ರಾಯಶ್ಚಿತ್ತ, ಮೊಟ್ಟೆಯಿಲ್ಲದ ಕೇಕು

ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಆಫೀಸ್ ಕ್ಯಾಬ್‌ನಲ್ಲಿ ಕೂತು ಓದ್ಕೋತೀವಿ ಅನ್ನೋರಿಗಾಗಿ ಈ ವಾರದ ಮಾತು ಇಲ್ಲಿ ಬರಹದಲ್ಲಿದೆ. ಮಾತಾಡಿದ್ದನ್ನೇ ಸ್ವಲ್ಪ ತಿದ್ದಿ ಬರೆದಿದ್ದೀನಿ.

ಇವತ್ತಿನ ವಿಷಯ ಕೇಕು, ಬಿಸ್ಕತ್ತು ಮತ್ತು ದೇವರು. ನಗಬೇಡಿ. ನಾವಿರೋ ಈ ಪುಣೆಯಲ್ಲೇ ಒಂದು ಕಾಲದಲ್ಲಿ ಚಹಾ–ಬಿಸ್ಕತ್ತಿನ ವಿಚಾರ ಧರ್ಮಪೀಠದ ವಿಚಾರಣೆವರೆಗೂ ಹೋಗಿತ್ತು. ಆದರೆ ಅದಕ್ಕಿಂತ ಮುಂಚೆ ನಮ್ಮ ಮನೆಯ ಒಂದು ಸಣ್ಣ ವಿಚಾರಣೆ ಹೇಳಿಬಿಡ್ತೀನಿ. ಅದರಲ್ಲಿ ಅಪರಾಧಿ ನಾನೇ.

ನಾನು ಹಾಸನದವಳು, ನಮ್ಮೆಜಮಾನರು ಕಾರ್ಕಳದ ಕಡೆಯವರು. ಮಗ ಹುಟ್ಟಿದ ಮೇಲೆ ಟೆಸ್ಟಿಂಗ್ ಕೆಲಸ ಬಿಟ್ಟು ಮನೆಯಲ್ಲಿದ್ದೀನಿ. ಮನೆಯಲ್ಲಿ ಕೇಕ್ ಮಾಡ್ತೀನಿ, ಎಲ್ಲಾ ಮೊಟ್ಟೆಯಿಲ್ಲದ್ದು. ಹೋದ ವರ್ಷದ ಹಿಂದಿನ ಕ್ರಿಸ್‌ಮಸ್‌ಗೆ ಎದುರು ಫ್ಲ್ಯಾಟಿನ ಮಂಗಳೂರಿನ ಆಂಟಿ ಒಂದು ಡಬ್ಬಿ ತುಂಬಾ ಪ್ಲಮ್ ಕೇಕ್ ಕೊಟ್ಟರು. ನಾನು ನಗ್ತಾ ತಗೊಂಡೆ, ಥ್ಯಾಂಕ್ಸ್ ಹೇಳಿದೆ, ಬಾಗಿಲು ಹಾಕಿದೆ, ಕೇಕನ್ನ ಕಸದ ಚೀಲಕ್ಕೆ ಹಾಕಿದೆ. ಡಬ್ಬಿ ತೊಳೆದು ಇಟ್ಟೆ. ಹಿಂದೆ ನಿಂತಿದ್ದ ಏಳು ವರ್ಷದ ಮಗ ಕೇಳಿದ: "ಅಮ್ಮಾ, ಆಂಟಿ ಗಲೀಜಾ?"

ಮೊಟ್ಟೆ ಇರುತ್ತೆ ಕಣೋ, ಅದಕ್ಕೆ ಅಂದೆ. "ಮತ್ತೆ ಆಂಟಿಗೆ ಹೇಳಲಿಲ್ಲ ಯಾಕೆ?" ಅಂದ. ಉತ್ತರ ಹೊಳೆಯಲಿಲ್ಲ. ಆ ಉತ್ತರ ಹುಡುಕಿಕೊಂಡು ಹೋಗಿ ಸಿಕ್ಕಿದ್ದೇ ಇವತ್ತಿನ ಕಥೆ.

ಪುಣೆಯ ಗುರುವಾರ ಪೇಠೆಯಲ್ಲಿ ಪಾಂಚ್ ಹೌದ್ ಅಂತ ಒಂದು ಜಾಗ. ಹೌದ್ ಅಂದ್ರೆ ನೀರಿನ ತೊಟ್ಟಿ. ನಮ್ಮ ಉತ್ತರ ಕರ್ನಾಟಕದವರಿಗೆ ಈ ಪದ ಹೊಸದಲ್ಲ. ಅಲ್ಲಿ ಎತ್ತರದ ಗಂಟೆ ಗೋಪುರ ಇರುವ ಒಂದು ಚರ್ಚು, ಅದರ ಜೊತೆಗೆ ಮಿಷನ್. 1890ರ ಅಕ್ಟೋಬರ್‌ನಲ್ಲಿ ಈ ಮಿಷನ್ನಿನಲ್ಲಿ ಒಂದು ಕಾರ್ಯಕ್ರಮ. ಊರಿನ ಓದಿದ ಜನಕ್ಕೆಲ್ಲ ಕರೆ ಹೋಗಿತ್ತು. 'ಕೇಸರಿ'ಯ ಬಾಲಗಂಗಾಧರ ತಿಲಕರು ಬಂದಿದ್ದರು, ಮುಂದೆ ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿಯಾದ ಮಹಾದೇವ ಗೋವಿಂದ ರಾನಡೆ ಬಂದಿದ್ದರು. ಭಾಷಣ ಆಯ್ತು, ಆಮೇಲೆ ಚಹಾ, ಬಿಸ್ಕತ್ತು ಬಂತು. ಕೆಲವರು ಕುಡಿದರು. ಕೆಲವರು ಕೊಟ್ಟವರಿಗೆ ಬೇಜಾರಾಗಬಾರದು ಅಂತ ಕಪ್ಪು ಕೈಗೆ ತಗೊಂಡು ಹಾಗೇ ಕೆಳಗಿಟ್ಟರು.

ಅಲ್ಲಿಗೆ ಮುಗೀಬೇಕಿತ್ತು. ಆದರೆ ಗೋಪಾಲರಾವ್ ಜೋಶಿ ಅನ್ನೋರು ಇದ್ದರಲ್ಲ, ಅಮೆರಿಕಕ್ಕೆ ಹೋಗಿ ಡಾಕ್ಟರ್ ಆದ ಆನಂದಿಬಾಯಿ ಜೋಶಿಯವರ ಗಂಡ, ಅವರು ಅಲ್ಲಿದ್ದವರ ಹೆಸರಿನ ಪಟ್ಟಿಯನ್ನೇ ಪತ್ರಿಕೆಗೆ ಕೊಟ್ಟುಬಿಟ್ಟರು. ಊರೆಲ್ಲ ಗದ್ದಲ. ಸಂಪ್ರದಾಯಸ್ಥರು ದೂರು ಒಯ್ದರು, ಶಂಕರಾಚಾರ್ಯರ ಪೀಠದಿಂದ ವಿಚಾರಣೆಗೆ ಆಯೋಗವೇ ಬಂತು. 1892ರವರೆಗೂ ಎಳೆದಾಟ. ತಿಲಕರು ನಾನು ಕಾಶಿಯಲ್ಲಿ ಪ್ರಾಯಶ್ಚಿತ್ತ ಮಾಡ್ಕೊಂಡಿದ್ದೀನಿ ಅಂದರು. ರಾನಡೆಯವರೂ 1892ರಲ್ಲಿ ಪ್ರಾಯಶ್ಚಿತ್ತ ಮಾಡಿಕೊಂಡರು.

ಒಂದು ಬಿಸ್ಕತ್ತಿಗೆ ಇಷ್ಟೆಲ್ಲಾ ಯಾಕೆ ಅಂತ ಅನಿಸುತ್ತೆ. ಇದು ಅರ್ಥ ಆಗಬೇಕು ಅಂದ್ರೆ ನಮ್ಮ ಅಜ್ಜಿಯಂದಿರ ಅಡುಗೆಮನೆಗೆ ಹೋಗಬೇಕು. ಅಲ್ಲಿ 'ಮುಸುರೆ' ಅಂತ ಒಂದು ಮಾತಿತ್ತು. ಧಾನ್ಯಕ್ಕೆ ನೀರು ಸೇರಿಸಿ ಬೇಯಿಸಿದ್ದೆಲ್ಲ ಮುಸುರೆ: ಅನ್ನ, ಮುದ್ದೆ, ಹುಳಿ. ಅದನ್ನ ಯಾರು ಮಾಡಿದರು, ಯಾರು ಮುಟ್ಟಿದರು ಅನ್ನೋದು ದೊಡ್ಡ ಪ್ರಶ್ನೆ. ತುಪ್ಪದಲ್ಲೋ ಎಣ್ಣೆಯಲ್ಲೋ ಕರಿದದ್ದಕ್ಕೆ ಅಷ್ಟು ಬಿಗಿ ಇಲ್ಲ, ಪ್ರಯಾಣಕ್ಕೆ ಚಕ್ಕುಲಿ ಉಂಡೆ ಕಟ್ಟಿಕೊಂಡು ಹೋಗ್ತಿದ್ದದ್ದು ಅದಕ್ಕೇ. ಈಗ ಬ್ರೆಡ್ಡನ್ನ ನೋಡಿ. ಹಿಟ್ಟು, ನೀರು, ಉಪ್ಪು, ಕಲಸಿದ್ದು ಬೇರೆಯವರ ಕೈ, ಬೆಂದದ್ದು ಬೇರೆಯವರ ಭಟ್ಟಿ. ಮೇಲೆ ಗೋವಾ ಕಡೆಯ ಪಾವಿಗೆ ಹುಳಿ ಬರಿಸೋಕೆ ಸೇಂದಿ ಹಾಕ್ತಿದ್ದರು. ಬಾವಿಗೆ ಒಂದು ಚೂರು ಪಾವು ಎಸೆದರೆ ಆ ನೀರು ಕುಡಿದ ಊರೇ ಜಾತಿಗೆಟ್ಟ ಹಾಗೆ ಅನ್ನೋ ಕಥೆ ಕೊಂಕಣ ತೀರದಲ್ಲಿ ಇವತ್ತಿಗೂ ಹೇಳ್ತಾರೆ. ಅಂದ್ರೆ ತಕರಾರು ರುಚಿಯದ್ದಲ್ಲ, ಆರೋಗ್ಯದ್ದೂ ಅಲ್ಲ. ಮಾಡಿದ ಕೈ ಯಾರದ್ದು ಅನ್ನೋದೇ ತಕರಾರು.

ಇತಿಹಾಸದ ಪುಸ್ತಕದಲ್ಲಿ ಈ ಪ್ರಕರಣ ತಿಲಕ–ರಾನಡೆ ವಾದವಾಗಿಯೇ ಬರುತ್ತೆ. ನನಗೆ ಕಾಡಿದ್ದು ಬೇರೆ. ಬಹಿಷ್ಕಾರ ಅಂದ್ರೆ ಏನು? ಮನೆಯ ಶ್ರಾದ್ಧಕ್ಕೆ ಪುರೋಹಿತರು ಬರಲ್ಲ. ಮಗನ ಮುಂಜಿ ನಿಲ್ಲುತ್ತೆ. ಮಗಳಿಗೆ ಸಂಬಂಧ ಬರಲ್ಲ. ಚಹಾ ಕುಡಿದವನು ಗಂಡಸು, ಆದರೆ ಅರಿಶಿನ ಕುಂಕುಮಕ್ಕೆ ಕರೆ ನಿಲ್ಲೋದು ಹೆಂಡತಿಗೆ. ರಾನಡೆಯವರ ಹೆಂಡತಿ ರಮಾಬಾಯಿ ರಾನಡೆ 1910ರಲ್ಲಿ ಬಂದ ತಮ್ಮ ಮರಾಠಿ ನೆನಪಿನ ಪುಸ್ತಕದಲ್ಲಿ ಈ ಪ್ರಕರಣವನ್ನ ಬರೆದಿದ್ದಾರೆ. ಗಂಡ ಓದು ಕಲಿಸಿದರು ಅನ್ನೋ ಒಂದೇ ಕಾರಣಕ್ಕೆ ಮನೆಯ ಹೆಂಗಸರಿಂದಲೇ ದಿನಾ ಚುಚ್ಚುಮಾತು ಕೇಳಿದವರು ಅವರು. ಹೊರಗಿನ ಆಯೋಗ ಎರಡು ವರ್ಷದಲ್ಲಿ ಮುಗಿಯಿತು. ಅಡುಗೆಮನೆಯೊಳಗಿನ ಆಯೋಗಕ್ಕೆ ಮುಕ್ತಾಯದ ತಾರೀಖು ಇರಲಿಲ್ಲ.

ಅದೇ ಕಾಲದಲ್ಲಿ ಪುಣೆಯಲ್ಲಿ ಇನ್ನೊಬ್ಬ ರಮಾಬಾಯಿ ಇದ್ದರು. ಪಂಡಿತಾ ರಮಾಬಾಯಿ. ಇವರ ಹೆಸರು ಹೇಳಿದ ತಕ್ಷಣ ನಮ್ಮತ್ತೆ ಕಿವಿ ನೆಟ್ಟಗಾಯ್ತು. ಯಾಕಂದ್ರೆ ಇವರ ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದವರು. "ನಮ್ಮ ಮಾಳದವರಾ ಮಾರಾಯ್ತಿ!" ಅಂದರು ಅತ್ತೆ. ಹೌದು, ಅದೇ ಮಾಳ. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ್ದಕ್ಕೆ ಜನರ ವಿರೋಧ ಬಂದಾಗ, ಡೋಂಗ್ರೆಯವರು ಹೋಗಿ ನೆಲೆಸಿದ್ದು ಘಟ್ಟದ ಮೇಲಿನ ಗಂಗಾಮೂಲದ ಕಾಡಿನಲ್ಲಿ. ತುಂಗೆ, ಭದ್ರೆ, ನೇತ್ರಾವತಿ ಹುಟ್ಟೋ ಜಾಗ. 1858ರಲ್ಲಿ ರಮಾಬಾಯಿ ಹುಟ್ಟಿದ್ದು ಅಲ್ಲಿ. ಅವರಿಗೆ ಪಾಠ ಹೇಳಿದ್ದು ಬಹುಪಾಲು ತಾಯಿ. ಬೆಳಕು ಹರಿಯೋ ಮುಂಚೆ, ಮನೆಕೆಲಸದ ಗಡಿಬಿಡಿ ಶುರುವಾಗೋ ಮುಂಚೆ, ಮಗಳನ್ನ ಎಬ್ಬಿಸಿ ಶ್ಲೋಕ ಬಾಯಿಪಾಠ ಮಾಡಿಸ್ತಿದ್ದರು. "ಮನೆಯಲ್ಲೇ ಇರ್ತೀಯಾ, ಏನು ಮಾಡ್ತೀಯಾ?" ಅಂತ ನನ್ನನ್ನ ಯಾರಾದರೂ ಕೇಳಿದಾಗ ನನಗೆ ಈಗ ನೆನಪಾಗೋದು ಲಕ್ಷ್ಮೀಬಾಯಿ.

1870ರ ದಶಕದ ಬರದಲ್ಲಿ ತಂದೆ, ತಾಯಿ, ಅಕ್ಕ ಎಲ್ಲರೂ ಹೋದರು. ಮುಂದೆ ಕಲ್ಕತ್ತೆಯ ವಿದ್ವಾಂಸರು 'ಪಂಡಿತಾ' ಅಂತ ಬಿರುದು ಕೊಟ್ಟರು. ಜಾತಿ ಮೀರಿ ಮದುವೆಯಾದರು, 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು, ಮರುವರ್ಷವೇ ಗಂಡ ತೀರಿಕೊಂಡರು. 1883ರಲ್ಲಿ ಪುಟ್ಟ ಮಗಳನ್ನ ಕರಕೊಂಡು ಇಂಗ್ಲೆಂಡಿಗೆ ಹೋಗಿ ವಾಂಟೇಜ್ ಅನ್ನೋ ಊರಿನ ಕ್ರೈಸ್ತ ಸನ್ಯಾಸಿನಿಯರ ಮಠದಲ್ಲಿ ಉಳಿದರು. ಪುಣೆಯಲ್ಲಿ ಕೆಲಸ ಮಾಡ್ತಿದ್ದದ್ದೂ ಇದೇ ಮಠದ ಸಿಸ್ಟರುಗಳು. ಆ ವರ್ಷವೇ ರಮಾಬಾಯಿ ಮಗಳ ಜೊತೆ ಕ್ರೈಸ್ತ ಧರ್ಮ ಸೇರಿದರು.

ಈಗ ಗಮನಿಸಿ. ಧರ್ಮ ಬದಲಾಯ್ತು, ತಟ್ಟೆ ಬದಲಾಗಲಿಲ್ಲ. ರಮಾಬಾಯಿ ಸಸ್ಯಾಹಾರಿಯಾಗಿಯೇ ಉಳಿದರು. ಇಂಗ್ಲೆಂಡಿನ ಮಠದ ಊಟದಲ್ಲಿ ಪೈ, ಪುಡಿಂಗು ಅಂತ ಓವನ್ನಿನಿಂದ ಬರೋದೇ ಜಾಸ್ತಿ. ಇವರು ತಮ್ಮ ಪದ್ಧತಿ ಬಿಡಲಿಲ್ಲ. ಸಿಸ್ಟರ್ ಜೆರಾಲ್ಡೀನ್‌ಗೆ ಇದು ಹಳೆಯ ಜಾತಿಯ ಅಭಿಮಾನ ಇನ್ನೂ ಹೋಗಿಲ್ಲ ಅನ್ನೋ ಹಾಗೆ ಕಂಡಿತು. 1884ರ ಒಂದು ಪತ್ರದಲ್ಲಿ ರಮಾಬಾಯಿ ಅದಕ್ಕೆ ನೇರವಾಗಿ ಉತ್ತರ ಕೊಟ್ಟರು. ಅದರ ಸಾರಾಂಶ ಹೀಗೆ: ಬೇಕಾದರೆ ನನ್ನ ಪೈ ಪುಡಿಂಗಿನಲ್ಲೂ ಅಹಂಕಾರ ಹುಡುಕಿಕೊಳ್ಳಿ; ಆದರೆ ಇಂಗ್ಲಿಷ್ ಹೆಂಗಸೊಬ್ಬಳು ಹಿಂದೂಗಳ ನಡುವೆ ಬಂದು ಬದುಕುವಾಗ, ಯಾರಿಗೂ ತೊಂದರೆಯಿಲ್ಲದ ತನ್ನ ಅಭ್ಯಾಸಗಳನ್ನ ಬಿಡದಿದ್ದರೆ ಅವಳನ್ನ ಅಹಂಕಾರಿ ಅಂತೀರಾ?

ಪುಣೆಯ ಗಂಡಸರು ಧರ್ಮ ಬಿಟ್ಟಿರಲಿಲ್ಲ, ಒಂದು ಬಿಸ್ಕತ್ತಿಗೆ ಧರ್ಮ ಹೋಯ್ತು ಅಂತ ಹಿಡಿದು ನಿಲ್ಲಿಸಿದರು. ಇವರು ಧರ್ಮ ಬದಲಿಸಿದ್ದರು, ಪುಡಿಂಗ್ ತಿನ್ನಲಿಲ್ಲ ಅಂತ ಇನ್ನೂ ಪೂರ್ತಿ ಬಂದಿಲ್ಲ ಅಂದರು. ಎರಡೂ ಕಡೆಯವರು ಅಳೆದದ್ದು ಒಂದೇ ಕೋಲಿನಲ್ಲಿ: ಇವರ ತಟ್ಟೆಯಲ್ಲಿ ಏನಿದೆ? ರಮಾಬಾಯಿಯ ದಾರಿ ಬೇರೆ. ನನ್ನ ತಟ್ಟೆ ನನ್ನದು, ನಿಮ್ಮದು ನಿಮ್ಮದು. 1889ರಲ್ಲಿ ಬಾಂಬೆಯಲ್ಲಿ ಅವರು ವಿಧವೆಯರಿಗಾಗಿ ಶುರು ಮಾಡಿ, ಮರುವರ್ಷ ಪುಣೆಗೆ ತಂದ ಶಾರದಾ ಸದನದಲ್ಲಿ, ಹಿಂದೂ ಹೆಣ್ಣುಮಕ್ಕಳು ತಮ್ಮ ಊಟದ ನಿಯಮ ತಾವು ಪಾಲಿಸಿಕೊಳ್ಳೋಕೆ ಅವಕಾಶ ಇತ್ತು. ಆಮೇಲೆ ಆ ಸದನದಲ್ಲಿ ಮತಾಂತರದ ವಿಚಾರವಾಗಿ ದೊಡ್ಡ ಜಗಳ ಆಯ್ತು, ಅದೂ ನಿಜ. ಆದರೂ ತಟ್ಟೆಯ ವಿಚಾರದಲ್ಲಿ ಅವರ ಮಾತು ನನಗೆ ಇವತ್ತಿಗೂ ಸರಿ ಅನಿಸುತ್ತೆ. ಮನೋರಮಾ ಮುಂದೆ ನಮ್ಮ ಕಲಬುರಗಿಯಲ್ಲಿ 1912ರಲ್ಲಿ ಶುರುವಾದ ಶಾಲೆ ನಡೆಸಿದರು ಅನ್ನೋದು ಎಷ್ಟು ಜನಕ್ಕೆ ಗೊತ್ತು?

ಹಾಗಾದರೆ ಆ ಬಿಸ್ಕತ್ತು ನಮ್ಮ ಮನೆಗಳ ಒಳಗೆ ಬಂದದ್ದು ಹೇಗೆ? ಯಾವ ಪೀಠವೂ ಅಪ್ಪಣೆ ಕೊಡಲಿಲ್ಲ. ನಿಧಾನಕ್ಕೆ ಮಾಡೋ ಕೈ ಬದಲಾಯ್ತು. ಪಾಂಚ್ ಹೌದ್ ಗಲಾಟೆಯಾಗಿ ಎಂಟೇ ವರ್ಷಕ್ಕೆ, 1898ರಲ್ಲಿ, ನಮ್ಮ ಹಾಸನ ಕಡೆಯ ಎಚ್. ಎಸ್. ತಿರುಮಲಾಚಾರ್ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬೆಂಗಳೂರು ಬ್ರದರ್ಸ್ ಬೇಕರಿ ತೆರೆದರು ಅಂತಾರೆ. ಅಯ್ಯಂಗಾರ್ ಬೇಕರಿಗಳ ಮೂಲ ಅದು. ಬೋರ್ಡಿನ ಮೇಲೆ 'ಅಯ್ಯಂಗಾರ್' ಅಂತ ಬರೆದದ್ದೇ ಒಂದು ಭರವಸೆ: ಕೈ ಯಾರದ್ದು ಅನ್ನೋ ಪ್ರಶ್ನೆಗೆ ಬಾಗಿಲಲ್ಲೇ ಉತ್ತರ. ನಾವು ಖಾರಾ ಬನ್ನು, ದಿಲ್‌ಪಸಂದ್ ತಿಂದು ಬೆಳೆದದ್ದು ಹಾಗೆ. ಇದರಿಂದ ಪ್ರಶ್ನೆ ಬಗೆಹರಿಯಿತಾ? ಇಲ್ಲ, ನಮಗೆ ಬೇಕಾದ ಉತ್ತರ ಸಿಕ್ಕಿತು ಅಷ್ಟೇ. ಈ ವ್ಯತ್ಯಾಸ ನಾವು ಮರೀಬಾರದು.

ಆಮೇಲೆ ಕೇಕು ಅಡುಗೆಮನೆಗೇ ಬಂತು, ತಂದವರು ಅಮ್ಮಂದಿರು. ಓವನ್ ಇರಲಿಲ್ಲ, ಪ್ರೆಶರ್ ಕುಕ್ಕರ್ ಇತ್ತು. ತಳಕ್ಕೆ ಮರಳು ಅಥವಾ ಉಪ್ಪು ಹರಡಿ, ಗ್ಯಾಸ್ಕೆಟ್ಟು, ವೆಯ್ಟು ತೆಗೆದು, ಒಳಗೆ ಪಾತ್ರೆ ಇಟ್ಟರೆ ಅದೇ ಓವನ್. ಮೊಟ್ಟೆಗೆ ಬದಲಿ ಮೊಸರು ಮತ್ತು ಸೋಡಾ: ಮೊಸರಿನ ಹುಳಿಗೆ ಸೋಡಾ ಸೇರಿದರೆ ಗಾಳಿಗುಳ್ಳೆ ಏಳುತ್ತೆ, ಕೇಕು ಉಬ್ಬುತ್ತೆ. 1960ರ ದಶಕದ ಆರಂಭದಲ್ಲಿ ಪಂಜಾಬಿನ ಮೋಗಾದಲ್ಲಿ ನೆಸ್ಲೆ ಕಾರ್ಖಾನೆ ಶುರುವಾದ ಮೇಲೆ ಇಲ್ಲೇ ತಯಾರಾದ ಡಬ್ಬಿಯ ಗಟ್ಟಿಹಾಲು ಸಿಗೋಕೆ ಹತ್ತಿದ್ದು ಇನ್ನೊಂದು ಅನುಕೂಲ. ಅದು ಮೆದುತನ ಕೊಡುತ್ತೆ. ಈ ತಾಳೆ ಹಾಕಿದವರಿಗೆ ಸಂಬಳ ಇರಲಿಲ್ಲ, ಹೆಸರೂ ಇಲ್ಲ. ನೂರು ವರ್ಷದ ತಕರಾರನ್ನ ಅವರು ವಾದ ಮಾಡದೇ, ಕಲಸಿ ಬೇಯಿಸಿ ತಿಳಿಗೊಳಿಸಿದರು.

ನಮ್ಮ ಮನೆಯ ಓಟಿಜಿ ಮಾತ್ರ ಮೊದಲು ಬಾಲ್ಕನಿಯಲ್ಲಿತ್ತು. ದೇವರ ಮನೆಗೆ ಒತ್ತಿಕೊಂಡ ಅಡುಗೆಮನೆ ನಮ್ಮದು, "ಅದು ಒಳಗೆ ಬೇಡ" ಅಂದಿದ್ದರು ಅತ್ತೆ. ಒಂದು ದಿನ ಮೇಲೆ ಕೆಳಗೆ ಎರಡೂ ರಾಡು ಕೆಂಪಗಾಗೋದನ್ನ ನೋಡ್ತಾ ನಿಂತರು. "ಇದು ಕೆಂಡದಡ್ಯೆ ಅಲ್ಲವಾ?" ಅಂದರು. ಅವರ ಊರಿನ ಕಡೆ ಅಕ್ಕಿ, ಸೌತೆಕಾಯಿ, ಬೆಲ್ಲ, ಕಾಯಿ ರುಬ್ಬಿ, ಬಾಳೆ ಎಲೆ ಹಾಸಿದ ಪಾತ್ರೆಗೆ ಹಾಕಿ, ಅಡಿಗೂ ಕೆಂಡ, ಮುಚ್ಚಳದ ಮೇಲೂ ಕೆಂಡ ಇಟ್ಟು ಬೇಯಿಸ್ತಾರೆ. "ನಾವು ಮೊದಲಿಂದ ಮಾಡ್ತಿದ್ದದ್ದೇ ಉಂಟಲ್ಲ, ಇದರಲ್ಲಿ ಎಂತ ಹೊಸತು?" ಆ ಭಾನುವಾರ ಓಟಿಜಿಯಲ್ಲಿ ಕೆಂಡದಡ್ಯೆ ಆಯ್ತು. ಓಟಿಜಿ ಒಳಗೆ ಬಂತು.

ಇನ್ನು ನನ್ನ ತಪ್ಪಿನ ವಿಚಾರ. ಮೊಟ್ಟೆ ತಿನ್ನದೇ ಇರೋದು ತಪ್ಪಲ್ಲ, ಅದು ನನ್ನ ನಿಯಮ, ಈಗಲೂ ಇದೆ. ಪ್ರೀತಿಯಿಂದ ಕೊಟ್ಟದ್ದನ್ನ ನಗ್ತಾ ತಗೊಂಡು, ಬಾಗಿಲು ಹಾಕಿ ಬಿಸಾಕಿದ್ದು ತಪ್ಪು. ಅದರಲ್ಲಿ ಮಗನಿಗೆ ಕಂಡದ್ದು ನನ್ನ ನಿಯಮ ಅಲ್ಲ, ಆಂಟಿಯ ಮೇಲಿನ ತೀರ್ಪು. ರಮಾಬಾಯಿ ಮಾಡಿದ ಹಾಗೆ ಮುಖ ನೋಡಿ ಹೇಳಬಹುದಿತ್ತು.

ಹೋದ ಡಿಸೆಂಬರ್‌ಗೆ ಮುಂಚೆ ಮಗನ ಕೈ ಹಿಡ್ಕೊಂಡು ಎದುರು ಮನೆಗೆ ಹೋಗಿ ಹೇಳಿದೆ. ಬಿಸಾಕಿದ್ದನ್ನೂ ಹೇಳಿದೆ. ಆಂಟಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಬೇಜಾರಾಗಿತ್ತು, ಆಗಬೇಕಾದ್ದೇ. ಆಮೇಲೆ "ಹೇಳಿದ್ರೆ ನೆವ್ರಿ ಕೊಡ್ತಿದ್ದೆ ಅಲ್ಲವಾ" ಅಂದರು. ನೆವ್ರಿ ಅಂದ್ರೆ ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಕ್ರಿಸ್‌ಮಸ್‌ಗೆ ಮಾಡೋ ಕುಸ್ವಾರಿನಲ್ಲಿ ಒಂದು. ನಮ್ಮ ಕರ್ಜಿಕಾಯಿಯೇ.

ಕ್ರಿಸ್‌ಮಸ್ ದಿನ ನೆವ್ರಿ ತಟ್ಟೆ ಬಂತು. ಬಾಗಿಲಲ್ಲೇ ನಿಂತು ಆಂಟಿ, ನಮ್ಮತ್ತೆ ಇಬ್ಬರೂ ಅರ್ಧ ಗಂಟೆ ತುಳುವಿನಲ್ಲಿ ಮಾತಾಡಿದರು. ಅತ್ತೆ ಒಂದು ನೆವ್ರಿ ತಗೊಂಡು ಒಳಗೆ ಹೋದರು. ತಿಂದರೋ, ಹಾಗೇ ಕೆಳಗಿಟ್ಟರೋ ನಾನು ನೋಡಲಿಲ್ಲ, ನೋಡೋಕೆ ಹೋಗಲೂ ಇಲ್ಲ. ಹೆಸರಿನ ಪಟ್ಟಿ ಮಾಡೋ ಕೆಲಸ ಗೋಪಾಲರಾಯರಿಗೇ ಇರಲಿ.

ಮುಂದಿನ ವಾರ ಸಿಗೋಣ. ನಿಮ್ಮ ಮನೆಯ ಓವನ್ ಎಲ್ಲಿದೆ, ಒಳಗಾ ಬಾಲ್ಕನಿಯಲ್ಲಾ, ಹೇಳಿ. ನಮಸ್ಕಾರ.