ಕಡ್ಡಾಯ ಉತ್ತರಾಧಿಕಾರ ಮತ್ತು ಉಯಿಲಿನ ಸ್ವಾತಂತ್ರ್ಯ

ಮೃತರ ಆಸ್ತಿಯ ನಿರ್ದಿಷ್ಟ ಪಾಲು ಮಕ್ಕಳು ಮೊದಲಾದ ನಿಕಟ ವಾರಸುದಾರರಿಗೆ ಸಲ್ಲಲೇಬೇಕೆಂಬ ಕಾನೂನಿನ ನಿಯಮವೇ ಕಡ್ಡಾಯ ಉತ್ತರಾಧಿಕಾರ. ಫ್ರಾನ್ಸಿನಲ್ಲಿ ಈ ಪದ್ಧತಿಯಿದೆ. ತನ್ನ ಆಸ್ತಿಯನ್ನು ಇಷ್ಟಬಂದವರಿಗೆ ಬರೆದಿಡುವ ಹಕ್ಕನ್ನು ಉಯಿಲಿನ ಸ್ವಾತಂತ್ರ್ಯ ಎನ್ನುತ್ತಾರೆ. ಉಯಿಲಿಗೆ ಮರಣಶಾಸನ, ಮೃತ್ಯುಪತ್ರ ಎಂಬ ಹೆಸರುಗಳೂ ಇವೆ.

ಹಿನ್ನೆಲೆ

ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ರಚಿಸಿದ ‘ಮಿತಾಕ್ಷರ’ದ ಪ್ರಕಾರ, ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತದೆ. ವಿಜಯಪುರವು ಸೇರಿದ್ದ ಮುಂಬಯಿ ಪ್ರಾಂತ್ಯದಲ್ಲಿ ಸಹಭಾಗಿಯು ತನ್ನ ಅವಿಭಕ್ತ ಪಾಲನ್ನು ಮಾರಬಹುದಾಗಿತ್ತು; ಆದರೆ ದಾನವಾಗಿ ಅಥವಾ ಉಯಿಲಿನ ಮೂಲಕ ಕೊಡುವಂತಿರಲಿಲ್ಲ.

ಇಂದಿನ ಕಾನೂನು

ವೀರಶೈವ, ಲಿಂಗಾಯತ, ಜೈನರಿಗೂ ಅನ್ವಯಿಸುವ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 30ನೆಯ ಕಲಮು ಅವಿಭಕ್ತ ಪಾಲಿಗೂ ಉಯಿಲು ಬರೆಯಲು ಅವಕಾಶ ನೀಡಿತು. ಕರ್ನಾಟಕದ 1994ರ ತಿದ್ದುಪಡಿಯು ಅದಕ್ಕೂ ಮೊದಲೇ ವಿವಾಹವಾಗಿದ್ದವರನ್ನು ಬಿಟ್ಟು ಉಳಿದ ಹೆಣ್ಣುಮಕ್ಕಳಿಗೆ ಹುಟ್ಟಿನ ಹಕ್ಕನ್ನು ನೀಡಿತು. 2005ರ ಕೇಂದ್ರ ತಿದ್ದುಪಡಿಯಿಂದ ವಿವಾಹಿತೆಯರಿಗೂ ಅದು ದೊರೆಯಿತು. ಮಗಳ ಈ ಪಾಲನ್ನು ತಂದೆಯು ಬೇರೆಯವರಿಗೆ ಬರೆದುಕೊಡಲಾಗದು. ಆದರೆ ತನ್ನ ಪಾಲನ್ನೂ ಸ್ವಯಾರ್ಜಿತ ಆಸ್ತಿಯನ್ನೂ ಪೂರ್ತಿಯಾಗಿ ಗಂಡುಮಕ್ಕಳಿಗೇ ಬರೆದಿಟ್ಟರೂ ಉಯಿಲು ಸಿಂಧುವಾಗುತ್ತದೆ. ಅದಕ್ಕೆ ಇಬ್ಬರು ಸಾಕ್ಷಿಗಳ ಸಹಿ ಅಗತ್ಯ, ನೋಂದಣಿ ಕಡ್ಡಾಯವಲ್ಲ.

ಮುಸ್ಲಿಂ ವೈಯಕ್ತಿಕ ಕಾನೂನಿನಲ್ಲಿ, ವಾರಸುದಾರರ ಒಪ್ಪಿಗೆಯಿಲ್ಲದೆ, ಸಾಲ ಮತ್ತು ಅಂತ್ಯಕ್ರಿಯೆಯ ವೆಚ್ಚ ಕಳೆದು ಉಳಿದ ಆಸ್ತಿಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ಉಯಿಲಿನಲ್ಲಿ ಕೊಡುವಂತಿಲ್ಲ.